ಉರಿಯ ಲೆಕ್ಕ: ಮೊಡವೆಯ ಜೆಲ್ ನಡೆದು ಬಂದ ದಾರಿ

ಚರ್ಮವೈದ್ಯರ ಚೀಟಿ ತೋರಿಸಿ ಮೆಡಿಕಲ್ ಅಂಗಡಿಯಿಂದ ತರುವ 15 ಗ್ರಾಂನ ಅಡಾಪಲೀನ್ ಜೆಲ್ ಟ್ಯೂಬಿನಲ್ಲಿ ನಿಜವಾದ ಔಷಧಿ ಇರುವುದು 15 ಮಿಲಿಗ್ರಾಂ ಮಾತ್ರ, ಅಂದರೆ ಶೇ. 0.1. ಮಿಕ್ಕದ್ದೆಲ್ಲ ನೀರು, ಪ್ರೊಪಿಲೀನ್ ಗ್ಲೈಕಾಲ್, ನೀರನ್ನು ಲೋಳೆಯಾಗಿಸುವ ಕಾರ್ಬೋಮರ್, ಕೆಡದಂತೆ ಕಾಯುವ ಒಂದೆರಡು ರಾಸಾಯನಿಕಗಳು. ಮೊಡವೆ ಚಿಕಿತ್ಸೆಯ ಇತಿಹಾಸ ಬರೆದವರು ಸಾಮಾನ್ಯವಾಗಿ ಆ 15 ಮಿಲಿಗ್ರಾಂನ ಹಿಂದೆ ಹೋಗಿದ್ದಾರೆ: ಯಾವ ಅಣು, ಯಾರು ಕಂಡುಹಿಡಿದರು, ಯಾವ ವರ್ಷ ಅನುಮತಿ ಸಿಕ್ಕಿತು. ಈ ಲೇಖನ ಬೇರೊಂದು ಜಾಡು ಹಿಡಿಯುತ್ತದೆ. ಹಚ್ಚಿದ ಔಷಧಿ ಮುಖವನ್ನು ಉರಿಸಿದರೆ ಅದು ಔಷಧಿಯ ಗುಣವೋ ದೋಷವೋ? ಈ ಪ್ರಶ್ನೆಗೆ ಕಾಲಕಾಲಕ್ಕೆ ಸಿಕ್ಕ ಉತ್ತರಗಳೇ ಮೊಡವೆಯ ಔಷಧಿಗಳನ್ನು ರೂಪಿಸಿವೆ ಎಂಬುದು ನನ್ನ ವಾದ. ಆ ಉರಿಯನ್ನು ಮೊದಲು ಯಾರ ಚರ್ಮ ಹೊತ್ತಿತು ಎಂಬುದೂ ಇದೇ ಇತಿಹಾಸದ ಭಾಗ.

ಸಿಪ್ಪೆ ಎದ್ದರೆ ಗುಣವೆಂಬ ನಂಬಿಕೆ

ಹರೆಯದ ಮುಖದ ಮೇಲೆ ಏಳುವ ಗುಳ್ಳೆಗಳನ್ನು ಸುಶ್ರುತಸಂಹಿತೆ ನಿದಾನಸ್ಥಾನದ ಕ್ಷುದ್ರರೋಗಗಳ ಸಾಲಿನಲ್ಲಿ ಇಟ್ಟಿದೆ. ಅವು ಬೂರುಗದ ಮರದ ಮುಳ್ಳಿನಂತೆ ಕಾಣುತ್ತವೆ. ಕಫ, ವಾತ, ರಕ್ತಗಳ ಕೆಡುಕಿನಿಂದ ಹುಟ್ಟುತ್ತವೆ ಎನ್ನುತ್ತದೆ ಆ ಗ್ರಂಥ. ಚಿಕಿತ್ಸೆಯಲ್ಲಿ ವಾಂತಿ ಮಾಡಿಸುವುದಕ್ಕೆ ವಿಶೇಷ ಸ್ಥಾನವಿದ್ದರೂ, ಬಜೆ, ಲೋಧ್ರ, ಸೈಂಧವ ಲವಣ, ಸಾಸಿವೆಗಳನ್ನು ಅರೆದ ಲೇಪವೂ ಅಲ್ಲಿದೆ. ಸಾಸಿವೆ ಚರ್ಮದ ಮೇಲೆ ಏನು ಮಾಡುತ್ತದೆ ಎಂಬುದನ್ನು ಅಡುಗೆಮನೆಯಲ್ಲಿ ಕೈ ಹಾಕಿದವರಿಗೆಲ್ಲ ಗೊತ್ತು. ಈ ಲೇಪವನ್ನು ಇಂದಿನ ಜೆಲ್‌ನ ಪೂರ್ವಜ ಎಂದು ಕರೆಯುವ ಹುಮ್ಮಸ್ಸು ನನಗಿಲ್ಲ. ಮೊಡವೆಗೆ ಹಚ್ಚುವ ಮದ್ದಿನಲ್ಲಿ ಖಾರದ ವಸ್ತು ಸೇರಿದ್ದು ಹೊಸದಲ್ಲ ಎಂಬಷ್ಟಕ್ಕೆ ಮಾತ್ರ ಇದನ್ನು ಸಾಕ್ಷಿಯಾಗಿ ಇಡುತ್ತಿದ್ದೇನೆ.

ಯುರೋಪಿನಲ್ಲಿ ಹತ್ತೊಂಬತ್ತನೆಯ ಶತಮಾನದ ಕೊನೆಗೆ ಈ ನಂಬಿಕೆ ಶಾಸ್ತ್ರದ ರೂಪ ಪಡೆಯಿತು. ಹ್ಯಾಂಬರ್ಗಿನ ಪೌಲ್ ಗೆರ್ಸನ್ ಉನ್ನಾ ಮೊಡವೆಯ ಅಂಗಾಂಶವನ್ನು ಸೂಕ್ಷ್ಮದರ್ಶಕದಡಿ ಇಟ್ಟು ನೋಡಿ, 1896ರಲ್ಲಿ ಅದರೊಳಗಿನ ಸೂಕ್ಷ್ಮಜೀವಿಯನ್ನು ವರ್ಣಿಸಿದರು. ಚಿಕಿತ್ಸೆಗೆ ಅವರೂ ಅವರ ಸಮಕಾಲೀನರೂ ಆಶ್ರಯಿಸಿದ್ದು ಗಂಧಕ, ರೆಸಾರ್ಸಿನಾಲ್, ಸ್ಯಾಲಿಸಿಲಿಕ್ ಆಮ್ಲಗಳನ್ನು. ಮೂರೂ ಚರ್ಮದ ಮೇಲ್ಪದರವನ್ನು ಸಿಪ್ಪೆಯಾಗಿ ಎಬ್ಬಿಸುವಂಥವು. ಮುಖ ಕೆಂಪಾಗಬೇಕು, ಒಣಗಬೇಕು, ಪೊರೆ ಸುಲಿಯಬೇಕು. ಆಗಷ್ಟೇ ಮದ್ದು ಹತ್ತಿದೆ ಎಂದು ವೈದ್ಯ ತೃಪ್ತಿಪಡುತ್ತಿದ್ದ. ಇಪ್ಪತ್ತನೆಯ ಶತಮಾನದ ಮೊದಲರ್ಧದಲ್ಲಿ ಇದೇ ತರ್ಕ ಎಕ್ಸ್-ರೇ ಚಿಕಿತ್ಸೆಯವರೆಗೂ ಹೋಯಿತು. ಹದಿಹರೆಯದ ಮುಖಗಳಿಗೆ ವಿಕಿರಣ ಹಾಯಿಸಿದ ಆ ಪದ್ಧತಿಗೂ ಥೈರಾಯ್ಡ್ ಕ್ಯಾನ್ಸರಿಗೂ ಇರುವ ನಂಟು ದಶಕಗಳ ನಂತರ ಬೆಳಕಿಗೆ ಬಂತು.

ಬೆಂಜೋಯಿಲ್ ಪೆರಾಕ್ಸೈಡ್ ಕೂಡ ಇದೇ ಸುಲಿಯುವ ಮದ್ದುಗಳ ಕುಟುಂಬದಿಂದ ಬಂದದ್ದು. ಕೆನಡಾದ ವೈದ್ಯ ವಿಲಿಯಂ ಪೇಸ್ ಅದನ್ನು ಗಂಧಕದೊಡನೆ ಬೆರೆಸಿದ ಕ್ರೀಮಿನ ಬಗ್ಗೆ 1965ರಲ್ಲಿ ಪ್ರಕಟಿಸಿದರು. ಅದು ಬ್ಯಾಕ್ಟೀರಿಯಾವನ್ನು ಆಮ್ಲಜನಕದಿಂದ ಕೊಲ್ಲುತ್ತದೆ, ಹಾಗಾಗಿ ಅದಕ್ಕೆ ಪ್ರತಿರೋಧ ಬೆಳೆಯುವುದಿಲ್ಲ ಎಂಬ ಮಹತ್ವ ಆಮೇಲೆ ತಿಳಿಯಿತು. ದಿಂಬಿನ ಬಟ್ಟೆಯ ಬಣ್ಣವನ್ನು ಅದು ತೆಗೆದುಹಾಕುತ್ತದೆ ಎಂಬುದು ಮಾತ್ರ ಬಳಸಿದವರಿಗೆ ಮೊದಲ ವಾರವೇ ತಿಳಿದಿರಬೇಕು.

ಎ ಜೀವಸತ್ವ ಮತ್ತು ಹೋಮ್ಸ್‌ಬರ್ಗ್

ಇನ್ನೊಂದು ದಾರಿ ಎ ಜೀವಸತ್ವದ್ದು. 1943ರಲ್ಲಿ ಅಮೆರಿಕದ ಒರೆಗಾನ್ ರಾಜ್ಯದ ವೈದ್ಯ ಜಾನ್ ಸ್ಟ್ರಾಮ್‌ಫ್ಯೋರ್ಡ್ ಮೊಡವೆ ರೋಗಿಗಳಿಗೆ ದಿನಕ್ಕೆ 1,00,000 ಯೂನಿಟ್‌ನಷ್ಟು ಎ ಜೀವಸತ್ವವನ್ನು ನುಂಗಿಸಿದ ವರದಿ ಪ್ರಕಟಿಸಿದರು. ಅಷ್ಟು ಪ್ರಮಾಣ ತಿಂಗಳುಗಟ್ಟಲೆ ದೇಹಕ್ಕೆ ಹೋದರೆ ತಲೆನೋವು, ಕೂದಲುದುರುವಿಕೆ, ಯಕೃತ್ತಿಗೆ ಪೆಟ್ಟು ಎಲ್ಲವೂ ಬರುತ್ತವೆ. ನುಂಗುವ ಬದಲು ಹಚ್ಚಿದರೆ ಹೇಗೆ? ಎ ಜೀವಸತ್ವವನ್ನೇ ಹಚ್ಚಿದರೆ ಹೆಚ್ಚೇನೂ ಆಗಲಿಲ್ಲ. ಅದರ ಆಮ್ಲರೂಪವಾದ ಟ್ರೆಟಿನಾಯಿನ್ ಮಾತ್ರ ಚರ್ಮದ ಮೇಲೆ ಕೆಲಸ ಮಾಡುತ್ತಿತ್ತು. ಡುಸೆಲ್‌ಡಾರ್ಫಿನ ಗುಂಟರ್ ಸ್ಟುಟ್‌ಗೆನ್ 1962ರಲ್ಲಿ ಚರ್ಮ ದಪ್ಪಗಟ್ಟುವ ಕಾಯಿಲೆಗಳಿಗೆ ಅದನ್ನು ಹಚ್ಚಿ ನೋಡಿದರು. ಫಲ ಕಂಡಿತು, ಆದರೆ ಚರ್ಮ ಉರಿದು ಕೆಂಪಾಯಿತು. ಜರ್ಮನಿಯಲ್ಲಿ ಆ ಪ್ರಯತ್ನ ಔಷಧಿಯಾಗಿ ಬೆಳೆಯಲಿಲ್ಲ.

ಅದೇ ಉರಿಗೆ ಹೆದರದವರು ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದ ಆಲ್ಬರ್ಟ್ ಕ್ಲಿಗ್‌ಮನ್. ಜೇಮ್ಸ್ ಫುಲ್ಟನ್, ಗೆರ್ಡ್ ಪ್ಲೆವಿಗ್ ಅವರೊಡನೆ 1969ರಲ್ಲಿ ಅವರು ಪ್ರಕಟಿಸಿದ ಪ್ರಬಂಧವೇ ಮೊಡವೆಯ ಆಧುನಿಕ ಲೇಪಗಳಿಗೆ ಬುನಾದಿ. ಅವರು ಬಳಸಿದ್ದು ಆಲ್ಕೋಹಾಲ್ ಮತ್ತು ಪ್ರೊಪಿಲೀನ್ ಗ್ಲೈಕಾಲ್‌ನಲ್ಲಿ ಕರಗಿಸಿದ ಟ್ರೆಟಿನಾಯಿನ್. ಮೊಡವೆ ಹುಟ್ಟುವುದು ಕೂದಲ ಬುಡದ ಸಣ್ಣ ಕೊಳವೆಯಲ್ಲಿ. ಅಲ್ಲಿ ಉದುರಬೇಕಾದ ಜೀವಕೋಶಗಳು ಒಂದಕ್ಕೊಂದು ಅಂಟಿ, ಜಿಡ್ಡಿನೊಡನೆ ಸೇರಿ ಬೆಣೆಯಾಗುತ್ತವೆ. ಕಣ್ಣಿಗೆ ಕಾಣುವ ಗುಳ್ಳೆ ಆಮೇಲಿನ ಹಂತ. ಟ್ರೆಟಿನಾಯಿನ್ ಆ ಅಂಟನ್ನು ಸಡಿಲಿಸಿ, ಇದ್ದ ಬೆಣೆಯನ್ನು ಹೊರದೂಡಿ, ಹೊಸದು ಕಟ್ಟದಂತೆ ನೋಡಿಕೊಳ್ಳುತ್ತದೆ. ಅಂದರೆ ಗುಳ್ಳೆಯನ್ನು ಒಣಗಿಸುವ ಮದ್ದಿನ ಜಾಗಕ್ಕೆ ಗುಳ್ಳೆ ಹುಟ್ಟುವುದನ್ನೇ ತಡೆಯುವ ಮದ್ದು ಬಂತು. ಹಾಗಾಗಿಯೇ ಫಲ ಕಾಣಲು ಎರಡು-ಮೂರು ತಿಂಗಳು ಬೇಕು, ಗುಳ್ಳೆಯ ಮೇಲಷ್ಟೇ ಅಲ್ಲದೆ ಇಡೀ ಮುಖಕ್ಕೆ ತೆಳ್ಳಗೆ ಹಚ್ಚಬೇಕು, ಮೊದಲ ಕೆಲವು ವಾರ ಮೊಡವೆ ಹೆಚ್ಚಿದಂತೆ ಕಾಣಬಹುದು. ಇಂದು ವೈದ್ಯರು ಹೇಳುವ ಈ ಮೂರೂ ಸೂಚನೆಗಳ ಬೇರು ಇಲ್ಲಿದೆ. 1971ರಲ್ಲಿ ಅಮೆರಿಕದ ಆಹಾರ ಮತ್ತು ಔಷಧ ಆಡಳಿತ ಅದಕ್ಕೆ ಅನುಮತಿ ಕೊಟ್ಟಿತು. ಜಾನ್ಸನ್ ಅಂಡ್ ಜಾನ್ಸನ್ ಕಂಪನಿ ರೆಟಿನ್-ಎ ಎಂಬ ಹೆಸರಿನಲ್ಲಿ ಮಾರುಕಟ್ಟೆಗೆ ತಂದಿತು.

ಕ್ಲಿಗ್‌ಮನ್ ಅವರ ಪ್ರಯೋಗಗಳ ಬಹುಭಾಗ ನಡೆದದ್ದು ಫಿಲಡೆಲ್ಫಿಯಾದ ಹೋಮ್ಸ್‌ಬರ್ಗ್ ಜೈಲಿನಲ್ಲಿ, 1951ರಿಂದ 1974ರವರೆಗೆ. ಬೆನ್ನಿನ ಮೇಲೆ ಪಟ್ಟಿ ಅಂಟಿಸಿಕೊಂಡು, ಸಣ್ಣ ಮೊತ್ತದ ಹಣಕ್ಕೆ ಚರ್ಮವನ್ನು ಒಡ್ಡಿದ ಕೈದಿಗಳಲ್ಲಿ ಹೆಚ್ಚಿನವರು ಕಪ್ಪು ಜನ. ಎಷ್ಟೋ ಮಂದಿ ವಿಚಾರಣೆಗಾಗಿ ಕಾದಿದ್ದವರು, ಅಪರಾಧ ಇನ್ನೂ ಸಾಬೀತಾಗದವರು. ಸಾಬೂನು, ಶಾಂಪೂಗಳಿಂದ ಹಿಡಿದು ಟ್ರೆಟಿನಾಯಿನ್‌ವರೆಗೆ ಅವರ ಮೇಲೆ ಪರೀಕ್ಷೆಯಾಯಿತು. 1960ರ ದಶಕದ ಮಧ್ಯದಲ್ಲಿ ಡೌ ಕೆಮಿಕಲ್ ಕಂಪನಿಗಾಗಿ ಡಯಾಕ್ಸಿನ್ ವಿಷವನ್ನೂ ಹಚ್ಚಲಾಯಿತು. ಆ ವಿಷದ ಮೊದಲ ಲಕ್ಷಣವೇ ಮೊಡವೆಯಂಥ ಗುಳ್ಳೆಗಳು. ಎಷ್ಟು ಹಚ್ಚಿದರೆ ಅವು ಏಳುತ್ತವೆ ಎಂದು ತಿಳಿಯುವುದೇ ಪ್ರಯೋಗದ ಗುರಿ. ಮೊಡವೆಯನ್ನು ವಾಸಿ ಮಾಡುವ ಶಾಸ್ತ್ರವೂ ಮೊಡವೆಯನ್ನು ಉಂಟುಮಾಡುವ ಶಾಸ್ತ್ರವೂ ಒಂದೇ ಕಟ್ಟಡದಲ್ಲಿ ನಡೆದವು.

ಈ ಕಥೆ ವ್ಯಾಪಕವಾಗಿ ತಿಳಿದದ್ದು 1998ರಲ್ಲಿ ಆಲನ್ ಹಾರ್ನ್‌ಬ್ಲಮ್ ಅವರ 'ಏಕರ್ಸ್ ಆಫ್ ಸ್ಕಿನ್' ಪುಸ್ತಕದಿಂದ. ಶೀರ್ಷಿಕೆ ಕ್ಲಿಗ್‌ಮನ್ ಅವರೇ ಪತ್ರಕರ್ತರೊಬ್ಬರ ಮುಂದೆ ಆಡಿದ ಮಾತಿನಿಂದ ಬಂದದ್ದು. 2000ದಲ್ಲಿ ಸುಮಾರು 300 ಮಾಜಿ ಕೈದಿಗಳು ಹೂಡಿದ ದಾವೆ ಕಾಲಮಿತಿ ಮೀರಿದೆ ಎಂಬ ಕಾರಣಕ್ಕೆ ಬಿದ್ದುಹೋಯಿತು. ಕ್ಲಿಗ್‌ಮನ್ 2010ರಲ್ಲಿ ತೀರಿಕೊಂಡರು. ವಿಶ್ವವಿದ್ಯಾಲಯದ ವೈದ್ಯಕೀಯ ಶಾಲೆ 2021ರಲ್ಲಿ, ಫಿಲಡೆಲ್ಫಿಯಾ ನಗರಾಡಳಿತ 2022ರಲ್ಲಿ ಕ್ಷಮೆ ಕೇಳಿದವು. ಅಷ್ಟರಲ್ಲಿ ರೆಟಿನ್-ಎ ಮಾರುಕಟ್ಟೆಗೆ ಬಂದು ಅರ್ಧ ಶತಮಾನ ಕಳೆದಿತ್ತು. ಚರ್ಮಶಾಸ್ತ್ರದ ಪಠ್ಯಗಳಲ್ಲಿ 1969ರ ಪ್ರಬಂಧಕ್ಕೆ ಸಿಗುವ ಜಾಗದ ಪಕ್ಕದಲ್ಲೇ ಹೋಮ್ಸ್‌ಬರ್ಗಿಗೂ ಜಾಗ ಸಿಗಬೇಕು ಎಂದು ನಾನು ತಿಳಿದಿದ್ದೇನೆ, ಅಡಿಟಿಪ್ಪಣಿಯಲ್ಲಿ ಅಲ್ಲ.

ಉರಿಯನ್ನು ಔಷಧಿಯಿಂದ ಬಿಡಿಸುವುದು

ರೆಟಿನ್-ಎ ಬಳಸಿದವರಲ್ಲಿ ಅನೇಕರು ಉರಿ, ತುರಿಕೆ, ಸಿಪ್ಪೆಗಳಿಗೆ ಬೇಸತ್ತು ಅರ್ಧಕ್ಕೇ ಬಿಡುತ್ತಿದ್ದರು. ಇದಕ್ಕೆ ಮೊದಲ ಪರಿಹಾರ ಬಂದದ್ದು ಔಷಧಿಯನ್ನು ಹೊರುವ ಮಾಧ್ಯಮದ ಕಡೆಯಿಂದ. ಒಂದೇ ಟ್ರೆಟಿನಾಯಿನ್ ದ್ರಾವಣವಾಗಿ, ಕ್ರೀಮಾಗಿ, ಜೆಲ್ ಆಗಿ ಬಂತು. ಕ್ರೀಮು ಶೇ. 0.1ರವರೆಗೂ ಇದ್ದರೆ ಜೆಲ್‌ಗೆ ಶೇ. 0.025 ಸಾಕಾಯಿತು, ಏಕೆಂದರೆ ಜೆಲ್ ತನ್ನೊಳಗಿನ ಔಷಧಿಯನ್ನು ಸುಲಭವಾಗಿ ಬಿಟ್ಟುಕೊಡುತ್ತದೆ. ಎಣ್ಣೆ ಮುಖದವರಿಗೆ ಜೆಲ್, ಒಣ ಚರ್ಮದವರಿಗೆ ಕ್ರೀಮು ಎಂಬ ವಾಡಿಕೆ ಹೀಗೆ ಬೆಳೆಯಿತು. ಆದರೆ ಆ ಹಳೆಯ ಜೆಲ್‌ನ ಆಲ್ಕೋಹಾಲೇ ಮುಖವನ್ನು ಒಣಗಿಸುತ್ತಿತ್ತು. 1997ರಲ್ಲಿ ಬಂದ ಇನ್ನೊಂದು ಬಗೆಯ ಜೆಲ್‌ನಲ್ಲಿ ಟ್ರೆಟಿನಾಯಿನನ್ನು ಸೂಕ್ಷ್ಮ ರಂಧ್ರಗಳ ಕಣಗಳೊಳಗೆ ತುಂಬಿ, ನಿಧಾನವಾಗಿ ಹೊರಬರುವಂತೆ ಮಾಡಲಾಯಿತು.

ಎರಡನೆಯ ಪರಿಹಾರ ಅಣುವಿನ ಕಡೆಯಿಂದ ಬಂತು. 1987ರಲ್ಲಿ ಫ್ರಾನ್ಸಿನ ಪಿಯರ್ ಷಂಬೊನ್ ಅವರ ತಂಡ ಮತ್ತು ಅಮೆರಿಕದ ರೊನಾಲ್ಡ್ ಇವಾನ್ಸ್ ಅವರ ತಂಡ, ಒಂದರ ಅರಿವು ಇನ್ನೊಂದಕ್ಕಿಲ್ಲದೆ, ಟ್ರೆಟಿನಾಯಿನ್ ಹೋಗಿ ಕೂರುವ ಗ್ರಾಹಕವನ್ನು ಜೀವಕೋಶದ ಕೇಂದ್ರದಲ್ಲಿ ಗುರುತಿಸಿದವು. ಆಲ್ಫಾ, ಬೀಟಾ, ಗ್ಯಾಮಾ ಎಂಬ ಮೂರು ಬಗೆಗಳಲ್ಲಿ ಚರ್ಮದಲ್ಲಿ ಹೆಚ್ಚಿರುವುದು ಗ್ಯಾಮಾ. ಟ್ರೆಟಿನಾಯಿನ್ ಮೂರಕ್ಕೂ ಅಂಟುತ್ತದೆ. ಫ್ರಾನ್ಸಿನ ದಕ್ಷಿಣದ ಸೋಫಿಯಾ ಆಂಟಿಪೊಲಿಸ್‌ನಲ್ಲಿದ್ದ ಗಾಲ್ಡರ್ಮಾ ಪ್ರಯೋಗಾಲಯ ರೂಪಿಸಿದ ಅಡಾಪಲೀನ್ ಮುಖ್ಯವಾಗಿ ಬೀಟಾ, ಗ್ಯಾಮಾಗಳನ್ನಷ್ಟೇ ಹಿಡಿಯುತ್ತದೆ. ಅದರ ಶೇ. 0.1 ಜೆಲ್‌ಗೆ ಅಮೆರಿಕದಲ್ಲಿ 1996ರಲ್ಲಿ ಅನುಮತಿ ಸಿಕ್ಕಿತು. ಈ ಜೆಲ್‌ನ ತಳಹದಿ ನೀರು, ಆಲ್ಕೋಹಾಲ್ ಇಲ್ಲ. ಐದು ಪರೀಕ್ಷೆಗಳ 900 ರೋಗಿಗಳ ಫಲಿತಾಂಶಗಳನ್ನು ಒಟ್ಟುಗೂಡಿಸಿ 1998ರಲ್ಲಿ ಪ್ರಕಟವಾದ ವಿಶ್ಲೇಷಣೆಯಲ್ಲಿ ಅಡಾಪಲೀನ್ ಜೆಲ್ ಶೇ. 0.025 ಟ್ರೆಟಿನಾಯಿನ್ ಜೆಲ್‌ನಷ್ಟೇ ಫಲ ಕೊಟ್ಟಿತು, ಉರಿ ಮಾತ್ರ ಕಡಿಮೆ. ಸುಲಿದರೆ ಗುಣ ಎಂಬ ಉನ್ನಾ ಕಾಲದ ನಂಬಿಕೆ ಬಿದ್ದದ್ದು ಇಲ್ಲಿ. ಉರಿಯೇ ಔಷಧಿಯಾಗಿದ್ದರೆ ಉರಿ ಇಳಿದಾಗ ಫಲವೂ ಇಳಿಯಬೇಕಿತ್ತು.

ಬೆಳಕಿನ ಪ್ರಶ್ನೆಯೂ ಇತ್ತು. ಟ್ರೆಟಿನಾಯಿನನ್ನು ಬೆಂಜೋಯಿಲ್ ಪೆರಾಕ್ಸೈಡಿನೊಡನೆ ಬೆಳಕಿಗಿಟ್ಟರೆ ಸುಮಾರು 2 ಗಂಟೆಯೊಳಗೆ ಅರ್ಧಕ್ಕಿಂತ ಹೆಚ್ಚು ನಾಶವಾಗುತ್ತದೆ. ಅಡಾಪಲೀನ್ ಅಲುಗುವುದಿಲ್ಲ. ಹಾಗಾಗಿಯೇ ಎರಡನ್ನೂ ಒಂದೇ ಟ್ಯೂಬಿಗೆ ಹಾಕಲು ಸಾಧ್ಯವಾಯಿತು. 2008ರಲ್ಲಿ ಆ ಜೋಡಿ ಜೆಲ್ ಅಮೆರಿಕದಲ್ಲಿ ಬಂತು. 2016ರ ಜುಲೈನಲ್ಲಿ ಶೇ. 0.1 ಅಡಾಪಲೀನ್ ಜೆಲ್‌ಗೆ ಅಲ್ಲಿ ವೈದ್ಯರ ಚೀಟಿಯೇ ಬೇಡವೆಂದು ತೀರ್ಮಾನವಾಯಿತು. ಬಸುರಿಯರು ವೈದ್ಯರನ್ನು ಕೇಳದೆ ಇದನ್ನು ಬಳಸಬಾರದೆಂಬ ಎಚ್ಚರಿಕೆ ಮಾತ್ರ ಉಳಿದಿದೆ.

ಈ ನಡುವೆ ಉರಿಯಿಲ್ಲದ ಇನ್ನೊಂದು ದಾರಿಯಾಗಿ ಆಂಟಿಬಯಾಟಿಕ್ ಲೇಪಗಳು ಬಂದಿದ್ದವು. 1980ರ ಹೊತ್ತಿಗೆ ಕ್ಲಿಂಡಾಮೈಸಿನ್ ಹಚ್ಚುವ ರೂಪದಲ್ಲಿ ಸಿಗತೊಡಗಿತು. ಹಿತವಾದ ಮದ್ದು, ಆದರೆ ಒಂಟಿಯಾಗಿ ಹಚ್ಚಿದರೆ ಬ್ಯಾಕ್ಟೀರಿಯಾ ಪ್ರತಿರೋಧ ಬೆಳೆಸಿಕೊಳ್ಳುತ್ತದೆ. ಆದ್ದರಿಂದ ಮಾರ್ಗಸೂಚಿಗಳು ಅದರ ಜೊತೆ ಬೆಂಜೋಯಿಲ್ ಪೆರಾಕ್ಸೈಡ್ ಇರಲೇಬೇಕೆನ್ನುತ್ತವೆ. ನಮ್ಮಲ್ಲಿ ಅಡಾಪಲೀನ್ ಮತ್ತು ಕ್ಲಿಂಡಾಮೈಸಿನ್ ಎರಡೇ ಸೇರಿದ ಜೆಲ್ ಧಾರಾಳವಾಗಿ ಮಾರಾಟವಾಗುತ್ತದೆ, ಪೆರಾಕ್ಸೈಡ್ ಇಲ್ಲದೆ. 2005ರಲ್ಲಿ ಅಮೆರಿಕದ ಅನುಮತಿ ಪಡೆದ ಡ್ಯಾಪ್ಸೋನ್ ಜೆಲ್‌ಗೆ ಭಾರತದ ಹಳೆಯ ನಂಟಿದೆ: ಚೆಂಗಲ್ಪಟ್ಟಿನ ಕುಷ್ಠಾಶ್ರಮದಲ್ಲಿ ರಾಬರ್ಟ್ ಕಾಕ್ರೇನ್ 1940ರ ದಶಕದಲ್ಲಿ ಕುಷ್ಠರೋಗಿಗಳಿಗೆ ಕೊಟ್ಟು ಪರೀಕ್ಷಿಸಿದ್ದು ಇದೇ ಔಷಧಿಯನ್ನು.

ಕಂದು ಚರ್ಮದ ಲೆಕ್ಕ

ಉರಿಯ ಪ್ರಶ್ನೆ ನಮ್ಮ ಚರ್ಮಕ್ಕೆ ಬಂದಾಗ ಬೇರೆ ತೂಕ ಪಡೆಯುತ್ತದೆ. ಬಿಳಿ ಚರ್ಮ ಉರಿದರೆ ಕೆಂಪಾಗಿ ಕೆಲವು ದಿನಕ್ಕೆ ಸರಿಹೋಗುತ್ತದೆ. ಕಂದು ಚರ್ಮ ಉರಿದರೆ ಅಲ್ಲಿ ಕಪ್ಪು ಕಲೆ ತಿಂಗಳುಗಟ್ಟಲೆ ಉಳಿಯಬಹುದು. ಮೊಡವೆಗಿಂತ ಅದರ ಕಲೆಯೇ ದೊಡ್ಡ ದೂರಾಗಿ ಬರುವ ನಾಡಿನಲ್ಲಿ, ಮದ್ದೇ ಕಲೆ ತಂದರೆ ರೋಗಿ ಅದನ್ನು ಬಿಡುವುದು ಸಹಜ. ಇಲ್ಲಿನ ವೈದ್ಯರು ಮೊದಲು ರಾತ್ರಿ ಬಿಟ್ಟು ರಾತ್ರಿ ಹಚ್ಚಿಸುವುದು, ಒದ್ದೆ ಮುಖಕ್ಕೆ ಬೇಡ ಎನ್ನುವುದು, ಮಾಯಿಶ್ಚರೈಸರ್ ಮತ್ತು ಸನ್‌ಸ್ಕ್ರೀನ್ ಬರೆಯುವುದು ಈ ಕಾರಣಕ್ಕೆ. ಇದನ್ನು ವಿವರಿಸುವಷ್ಟು ಪುರುಸೊತ್ತು ಹೊರರೋಗಿ ವಿಭಾಗದ ಸಾಲಿನಲ್ಲಿ ಸಿಗುವುದು ಅಪರೂಪ.

ಬಿಟ್ಟವರು ಹೋಗುವುದೆಲ್ಲಿಗೆ? 2011ರಲ್ಲಿ ಪ್ರಕಟವಾದ, ಭಾರತದ 12 ಕೇಂದ್ರಗಳ ಅಧ್ಯಯನವೊಂದು ಮುಖದ ಚರ್ಮದ ತೊಂದರೆ ಹೊತ್ತು ಬಂದ 2,926 ಮಂದಿಯನ್ನು ಪರಿಶೀಲಿಸಿತು. ಅವರಲ್ಲಿ 433 ಮಂದಿ ಮುಖಕ್ಕೆ ಸ್ಟೀರಾಯ್ಡ್ ಮುಲಾಮು ಹಚ್ಚುತ್ತಿದ್ದರು. 104 ಮಂದಿ ಹಚ್ಚಿದ್ದು ಮೊಡವೆಗೆಂದೇ. ಅರ್ಧಕ್ಕಿಂತ ಹೆಚ್ಚು ಜನರಿಗೆ ಅದನ್ನು ಸೂಚಿಸಿದವರು ವೈದ್ಯರಲ್ಲ. ಸ್ಟೀರಾಯ್ಡ್ ಮುಖವನ್ನು ಉರಿಸುವುದಿಲ್ಲ. ಎರಡು ದಿನದಲ್ಲಿ ಕೆಂಪು ಇಳಿಸಿ, ಬಣ್ಣ ತಿಳಿಯಾದಂತೆ ತೋರಿಸುತ್ತದೆ. ಆಮೇಲೆ ಚರ್ಮ ತೆಳುವಾಗುತ್ತದೆ, ರಕ್ತನಾಳ ಎದ್ದು ಕಾಣುತ್ತದೆ. ಆ ಅಧ್ಯಯನದಲ್ಲಿ ಅತಿ ಹೆಚ್ಚು ಕಂಡ ಅಡ್ಡಪರಿಣಾಮ ಯಾವುದೆಂದರೆ ಮೊಡವೆ.

ಇದಕ್ಕೆ ಕಾನೂನಿನ ಒಂದು ಕಿಂಡಿಯೂ ನೆರವಾಗಿತ್ತು. ವೈದ್ಯರ ಚೀಟಿಯಿಲ್ಲದೆ ಮಾರಬಾರದ ಔಷಧಿಗಳ ಷೆಡ್ಯೂಲ್ ಎಚ್ ಪಟ್ಟಿಯಲ್ಲಿ ಸ್ಟೀರಾಯ್ಡ್‌ಗಳಿದ್ದರೂ, ಚರ್ಮದ ಮೇಲೆ ಹಚ್ಚುವ ರೂಪಕ್ಕೆ ಟಿಪ್ಪಣಿಯೊಂದು ವಿನಾಯಿತಿ ಕೊಟ್ಟಿತ್ತು. ಚರ್ಮವೈದ್ಯರ ಸಂಘ ವರ್ಷಗಟ್ಟಲೆ ಒತ್ತಾಯಿಸಿದ ಮೇಲೆ 2018ರಲ್ಲಿ ಕೇಂದ್ರ ಆರೋಗ್ಯ ಸಚಿವಾಲಯ 14 ಸ್ಟೀರಾಯ್ಡ್ ಲೇಪಗಳನ್ನು ಆ ವಿನಾಯಿತಿಯಿಂದ ಹೊರಗಿಟ್ಟಿತು. ಅದೇ ವರ್ಷ ಸೆಪ್ಟೆಂಬರಿನಲ್ಲಿ ನಿಷೇಧಿಸಿದ 328 ಮಿಶ್ರ ಔಷಧಿಗಳ ಪಟ್ಟಿಯಲ್ಲಿ ಸ್ಟೀರಾಯ್ಡ್, ಆಂಟಿಬಯಾಟಿಕ್, ಶಿಲೀಂಧ್ರನಾಶಕಗಳನ್ನು ಕಲಸಿದ ಹಲವು ಕ್ರೀಮುಗಳೂ ಸೇರಿದ್ದವು.