ಎರವಲು ಸಿಗದ ದನಿ: ಗಡಿನಾಡಿನ ಗ್ರಂಥಾಲಯಗಳು ಮತ್ತು ಧ್ವನಿಮುದ್ರಿಕೆಗಳು

ಗಡಿನಾಡಿನ ಕನ್ನಡದ ಉಳಿವನ್ನು ಕುರಿತ ಚರ್ಚೆ ಸಾಮಾನ್ಯವಾಗಿ ಶಾಲೆ, ಪಠ್ಯಪುಸ್ತಕ, ಪತ್ರಿಕೆ ಮತ್ತು ಆಡಳಿತಭಾಷೆಗಳ ಸುತ್ತ ನಡೆಯುತ್ತದೆ. ಇವೆಲ್ಲವೂ ಅಕ್ಷರವನ್ನು ಆಶ್ರಯಿಸಿದವು. ಇಪ್ಪತ್ತನೆಯ ಶತಮಾನದಲ್ಲಿ ಗ್ರಾಮಫೋನ್ ತಟ್ಟೆ ಮತ್ತು ಧ್ವನಿಸುರುಳಿಗಳಲ್ಲಿ ನೆಲೆಗೊಂಡ ಕನ್ನಡ ಈ ಚರ್ಚೆಯೊಳಕ್ಕೆ ಬಂದುದು ಕಡಿಮೆ. ಊರಿನ ಗ್ರಂಥಾಲಯದಿಂದ ಪುಸ್ತಕ ತರುವಂತೆ ಸಂಗೀತದ ತಟ್ಟೆಯನ್ನೂ ಎರವಲು ತಂದು, ಕೇಳಿ, ಮರಳಿಸುವ ಪದ್ಧತಿಗೆ ಜಗತ್ತಿನಲ್ಲಿ ಒಂದು ಶತಮಾನಕ್ಕೂ ಮಿಕ್ಕ ಇತಿಹಾಸವಿದೆ. ಆ ಪದ್ಧತಿ ಗಡಿನಾಡಿನಲ್ಲಿ ಏಕೆ ವ್ಯಾಪಕವಾಗಿ ಬೇರೂರಲಿಲ್ಲ, ಅದರಿಂದಾದ ನಷ್ಟವೇನು ಎಂಬುದು ವಿಚಾರಯೋಗ್ಯವಾದ ಸಂಗತಿ.

ತಟ್ಟೆಯ ಸಂಚಾರ

ಭಾರತದಲ್ಲಿ ಗ್ರಾಮಫೋನ್ ಕಂಪನಿಯ ಧ್ವನಿಮುದ್ರಣ ಆರಂಭವಾದುದು 1902ರಲ್ಲಿ. ಕಂಪನಿಯ ಪರವಾಗಿ ಕಲಕತ್ತೆಗೆ ಬಂದ ಫ್ರೆಡ್ ಗೈಸ್‌ಬರ್ಗ್ ಗೌಹರ್ ಜಾನ್ ಮೊದಲಾದವರ ಗಾಯನವನ್ನು ಮುದ್ರಿಸಿಕೊಂಡನು. ಮೊದಮೊದಲು ತಟ್ಟೆಗಳು ಜರ್ಮನಿಯ ಹ್ಯಾನೋವರ್‌ನಲ್ಲಿ ಅಚ್ಚಾಗಿ ಹಡಗಿನಲ್ಲಿ ಬರುತ್ತಿದ್ದವು. 1908ರಲ್ಲಿ ಕಲಕತ್ತೆಯ ಸಿಯಾಲ್ದಾದಲ್ಲಿಯೇ ಕಾರ್ಖಾನೆ ತೆರೆಯಿತು. ಅರಗನ್ನು ಬಳಸಿ ಮಾಡಿದ, ನಿಮಿಷಕ್ಕೆ 78 ಸುತ್ತು ತಿರುಗುವ ಹತ್ತಂಗುಲದ ತಟ್ಟೆಯ ಒಂದು ಮಗ್ಗುಲಿನಲ್ಲಿ ಮೂರು, ಮೂರೂವರೆ ನಿಮಿಷದ ಸಂಗೀತ ಹಿಡಿಸುತ್ತಿತ್ತು. ಕೀಲಿ ಕೊಟ್ಟು ತಿರುಗಿಸುವ ಯಂತ್ರಕ್ಕೆ ವಿದ್ಯುತ್ತು ಬೇಕಿರಲಿಲ್ಲ. ಕೇಳುವವನಿಗೆ ಓದು ಬರಹ ಬೇಕಿರಲಿಲ್ಲ. ಪುಸ್ತಕ ತಲುಪದ ಮನೆಗೂ ತಟ್ಟೆ ತಲುಪಬಹುದಾಗಿದ್ದುದು ಈ ಕಾರಣದಿಂದ.

ತಟ್ಟೆಗೆ ಪ್ರಾಂತದ ಗಡಿಯೂ ಅಡ್ಡಬರಲಿಲ್ಲ. ಕಂಪನಿಗಳ ಪಟ್ಟಿಗಳು ತಟ್ಟೆಗಳನ್ನು ಭಾಷೆಯಿಂದ ವಿಂಗಡಿಸುತ್ತಿದ್ದವು. ಮಿರಜಿನ ಸಂಗೀತಲೋಕ ಇದಕ್ಕೆ ಒಳ್ಳೆಯ ಹಿನ್ನೆಲೆ. ಇಂದು ಮಿರಜ್ ಇರುವುದು ಮಹಾರಾಷ್ಟ್ರದ ಸಾಂಗ್ಲಿ ಜಿಲ್ಲೆಯಲ್ಲಿ. ಕನ್ನಡದ ಹಳೆಯ ನೆಲೆಯಾದ ಜತ್ ತಾಲ್ಲೂಕೂ ಅದೇ ಜಿಲ್ಲೆಗೆ ಸೇರಿದೆ. ಕಿರಾನಾ ಘರಾನೆಯ ಅಬ್ದುಲ್ ಕರೀಂ ಖಾನರು ನೆಲೆಸಿದ್ದು ಮಿರಜಿನಲ್ಲಿ. ಧಾರವಾಡದ ಸಮೀಪದ ಮಲ್ಲಿಕಾರ್ಜುನ ಮನ್ಸೂರರು ನೀಲಕಂಠಬುವಾ ಅವರ ಬಳಿ ಕಲಿತದ್ದೂ ಅಲ್ಲಿಯೇ. 1930ರ ದಶಕದಲ್ಲಿ ಮನ್ಸೂರರ ತಟ್ಟೆಗಳು ಹೊರಬಂದವು. ಗಂಗೂಬಾಯಿ ಹಾನಗಲ್ಲರ ಮೊದಲ ತಟ್ಟೆಗಳು ‘ಗಾಂಧಾರಿ’ ಎಂಬ ಹೆಸರಿನಲ್ಲಿ ಪ್ರಚಾರಕ್ಕೆ ಬಂದವು. ಬಾಲಕ ಭೀಮಸೇನ ಜೋಶಿ ಅಂಗಡಿಯೊಂದರಲ್ಲಿ ಅಬ್ದುಲ್ ಕರೀಂ ಖಾನರ ಝಿಂಝೋಟಿ ಠುಮರಿಯ ತಟ್ಟೆಯನ್ನು ಕೇಳಿ ಮರುಳಾಗಿ, 1933ರಲ್ಲಿ ಗುರುವನ್ನು ಅರಸುತ್ತ ಮನೆ ಬಿಟ್ಟ ವೃತ್ತಾಂತ ಪ್ರಸಿದ್ಧವಾದುದು. ಆ ತಟ್ಟೆ ಬಾಲಕನ ಸ್ವತ್ತಾಗಿರಲಿಲ್ಲ. ತನ್ನದಲ್ಲದ ತಟ್ಟೆಯನ್ನು ಕೇಳುವ ಅವಕಾಶವೊಂದು ಒಬ್ಬ ಗಾಯಕನ ಬದುಕಿನ ದಿಕ್ಕನ್ನು ನಿರ್ಧರಿಸಿತು.

ಎರವಲಿನ ಕಲ್ಪನೆ

ಇಂತಹ ಅವಕಾಶವನ್ನು ಅಂಗಡಿಯ ಆಕಸ್ಮಿಕಕ್ಕೆ ಬಿಡದೆ ಸಾರ್ವಜನಿಕ ವ್ಯವಸ್ಥೆಯಾಗಿ ಮಾಡುವುದೇ ಧ್ವನಿಮುದ್ರಿಕೆಗಳ ಎರವಲಿನ ಉದ್ದೇಶ. ಅಮೆರಿಕದ ಸೇಂಟ್ ಪಾಲ್ ನಗರದ ಸಾರ್ವಜನಿಕ ಗ್ರಂಥಾಲಯ 1914ರಲ್ಲಿಯೇ ತಟ್ಟೆಗಳನ್ನು ಎರವಲು ಕೊಡಲು ತೊಡಗಿತು. ಹಣ ಕೊಟ್ಟು ಕೊಳ್ಳುವವನು ತನಗೆ ಗೊತ್ತಿರುವ ಗಾಯಕನನ್ನೇ ಆರಿಸುತ್ತಾನೆ. ಎರವಲು ತರುವವನು ಹೆಸರು ಕೇಳದ ಗಾಯಕನನ್ನೂ ಪರೀಕ್ಷಿಸಿ ನೋಡುತ್ತಾನೆ. ಅಭಿರುಚಿ ವಿಸ್ತಾರಗೊಳ್ಳುವುದು ಈ ಎರಡನೆಯ ಬಗೆಯಲ್ಲಿ.

‘ಆಲ್ಬಂ’ ಎಂಬ ಮಾತಿನಲ್ಲಿಯೂ ಗ್ರಂಥದ ನೆನಪು ಉಳಿದಿದೆ. ದೀರ್ಘ ಕೃತಿಯೊಂದನ್ನು ಮೂರು ನಿಮಿಷಗಳ ಹಲವು ತಟ್ಟೆಗಳಿಗೆ ಹಂಚಿ, ಅವನ್ನು ಛಾಯಾಚಿತ್ರಗಳ ಆಲ್ಬಮ್ಮಿನಂತೆ ಹೊಲಿದ ಚೀಲಗಳಲ್ಲಿ ಇರಿಸಿ, ರಟ್ಟು ಹಾಕಿ ಮಾರುತ್ತಿದ್ದರು. 1948ರಲ್ಲಿ ಬಂದ ದೀರ್ಘಾವಧಿಯ ತಟ್ಟೆಯ ಒಂದೊಂದು ಮಗ್ಗುಲಿನಲ್ಲಿ ಇಪ್ಪತ್ತು ನಿಮಿಷಕ್ಕೂ ಮಿಕ್ಕಿ ಹಿಡಿಸತೊಡಗಿದ ಮೇಲೆ ಒಂದೇ ತಟ್ಟೆಗೂ ಆ ಹೆಸರು ಅಂಟಿಕೊಂಡಿತು. ಕಪಾಟಿನಲ್ಲಿ ನಿಲ್ಲುವ, ಬೆನ್ನಿನ ಮೇಲೆ ಹೆಸರುಳ್ಳ ವಸ್ತು ಗ್ರಂಥಾಲಯಕ್ಕೆ ಪರಕೀಯವೇನೂ ಆಗಿರಲಿಲ್ಲ.

ಕಾನೂನಿನ ಕಣ್ಣಿಗೆ ಬೀಳದ ದನಿ

ಎಸ್.ಆರ್. ರಂಗನಾಥನ್ ಅವರು 1931ರಲ್ಲಿ ಪ್ರತಿಪಾದಿಸಿದ ಗ್ರಂಥಾಲಯದ ಐದು ಸೂತ್ರಗಳಲ್ಲಿ ಎರಡನೆಯದು, ಪ್ರತಿಯೊಬ್ಬ ಓದುಗನಿಗೂ ಅವನ ಪುಸ್ತಕ ದೊರೆಯಬೇಕು ಎಂಬುದು. ಅವರ ಪ್ರಯತ್ನದ ಫಲವಾಗಿ 1948ರಲ್ಲಿ ಮದ್ರಾಸು ಸಾರ್ವಜನಿಕ ಗ್ರಂಥಾಲಯ ಕಾಯಿದೆ ಬಂದಿತು. ಆ ವರ್ಷ ಕಾಸರಗೋಡು ದಕ್ಷಿಣ ಕನ್ನಡ ಜಿಲ್ಲೆಯಲ್ಲಿಯೂ, ವಯನಾಡು ಮಲಬಾರ್ ಜಿಲ್ಲೆಯಲ್ಲಿಯೂ, ಆದೋನಿ ಮತ್ತು ರಾಯದುರ್ಗ ಬಳ್ಳಾರಿ ಜಿಲ್ಲೆಯಲ್ಲಿಯೂ, ಮಡಕಶಿರಾ ಅನಂತಪುರ ಜಿಲ್ಲೆಯಲ್ಲಿಯೂ ಇದ್ದವು. ಹೊಸೂರು, ತಾಳವಾಡಿ, ನೀಲಗಿರಿಗಳೊಡನೆ ಇವೆಲ್ಲವೂ ಮದ್ರಾಸು ಪ್ರಾಂತಕ್ಕೆ ಸೇರಿದ್ದವು. ಇಂದು ಮೂರು ರಾಜ್ಯಗಳಿಗೆ ಹಂಚಿಹೋಗಿರುವ ಗಡಿನಾಡಿನ ಈ ಭಾಗಗಳು ಅಂದು ಒಂದೇ ಗ್ರಂಥಾಲಯ ಕಾಯಿದೆಯ ವ್ಯಾಪ್ತಿಯಲ್ಲಿದ್ದವು.

ಈ ಏಕತೆ ಎಂಟು ವರ್ಷವೂ ಉಳಿಯಲಿಲ್ಲವೆನ್ನಬಹುದು. 1953ರ ಅಕ್ಟೋಬರ್ 1ರಂದು ಆದೋನಿ, ಆಲೂರು, ರಾಯದುರ್ಗ, ಮಡಕಶಿರಾಗಳು ಆಂಧ್ರಕ್ಕೆ ಸೇರಿದವು; 1956ರ ನವೆಂಬರ್ 1ರಂದು ಕಾಸರಗೋಡು ಮತ್ತು ವಯನಾಡು ಕೇರಳಕ್ಕೆ ಸೇರಿದವು. ಮುಂದೆ ಆಂಧ್ರಪ್ರದೇಶ 1960ರಲ್ಲಿ, ಮೈಸೂರು 1965ರಲ್ಲಿ, ಸೊಲ್ಲಾಪುರ ಮತ್ತು ಅಕ್ಕಲಕೋಟೆಗಳನ್ನು ಒಳಗೊಂಡ ಮಹಾರಾಷ್ಟ್ರ 1967ರಲ್ಲಿ, ಕೇರಳ 1989ರಲ್ಲಿ ತಮ್ಮ ತಮ್ಮ ಕಾಯಿದೆಗಳನ್ನು ಮಾಡಿಕೊಂಡವು. ಪ್ರತಿಯೊಂದು ರಾಜ್ಯದಲ್ಲಿಯೂ ಖರೀದಿಯ ಮೊದಲ ಗಮನ ಆ ರಾಜ್ಯದ ಭಾಷೆಯ ಕಡೆಗೆ ಹರಿಯುವುದು ಸಹಜ. ಕನ್ನಡ ಪುಸ್ತಕಕ್ಕಾಗಿಯೇ ಕೋರಿಕೆ ಸಲ್ಲಿಸಬೇಕಾದ ಓದುಗ, ಕನ್ನಡದ ತಟ್ಟೆಯನ್ನು ಕೇಳುವ ಮಾತೇ ಬರಲಿಲ್ಲ.

ಇದಕ್ಕಿಂತ ಆಳವಾದ ಕಾರಣವೊಂದಿದೆ. 1954ರ ಪುಸ್ತಕ ಸಲ್ಲಿಕೆ ಕಾಯಿದೆಯ ಪ್ರಕಾರ ಪ್ರಕಾಶಕರು ಪ್ರತಿಯೊಂದು ಪ್ರಕಟಣೆಯ ಪ್ರತಿಯನ್ನು ನಿಗದಿತ ಗ್ರಂಥಾಲಯಗಳಿಗೆ ಕಳುಹಿಸಬೇಕು. ಅಲ್ಲಿ ‘ಪುಸ್ತಕ’ವೆಂಬುದರ ಅರ್ಥದಲ್ಲಿ ನಕಾಶೆ ಸೇರಿದೆ, ಅಚ್ಚಾದ ಸ್ವರಲಿಪಿಯ ಹಾಳೆಯೂ ಸೇರಿದೆ, ಧ್ವನಿಮುದ್ರಿಕೆ ಸೇರಿಲ್ಲ. ಹಾಡಿನ ಬರಹಕ್ಕೆ ದೊರೆತ ರಕ್ಷಣೆ ಹಾಡಿಗೆ ದೊರೆಯಲಿಲ್ಲ. ಯುನೆಸ್ಕೋ ನೆರವಿನಿಂದ 1951ರಲ್ಲಿ ಆರಂಭವಾದ ದೆಹಲಿ ಸಾರ್ವಜನಿಕ ಗ್ರಂಥಾಲಯ ಗ್ರಾಮಫೋನ್ ತಟ್ಟೆಗಳಿಗೂ ಸ್ಥಾನ ಕೊಟ್ಟಿತಾದರೂ, ಆ ಮಾದರಿ ತಾಲ್ಲೂಕು ಕೇಂದ್ರಗಳವರೆಗೆ ಇಳಿದುಬರಲಿಲ್ಲ.

ಯಕ್ಷಗಾನದ ನಿದರ್ಶನ

ನಷ್ಟದ ಸ್ವರೂಪ ಸ್ಪಷ್ಟವಾಗಿ ಕಾಣುವುದು ಕಾಸರಗೋಡಿನಲ್ಲಿ. ಕುಂಬಳೆಯ ಪಾರ್ತಿಸುಬ್ಬನ ಹೆಸರಿನೊಡನೆ ಬೆಸೆದುಕೊಂಡಿರುವ ರಾಮಾಯಣ ಪ್ರಸಂಗಗಳು ಅಚ್ಚಾಗಿವೆ, ಗ್ರಂಥಾಲಯ ಸೇರಿವೆ, ಸಂಶೋಧನೆಗೆ ಒದಗಿವೆ. ಆದರೆ ಪ್ರಸಂಗದ ಪುಸ್ತಕ ಪದ್ಯದ ರಾಗ, ತಾಳಗಳನ್ನು ಸೂಚಿಸುತ್ತದೆಯೇ ಹೊರತು ಭಾಗವತನು ಅದನ್ನು ಎತ್ತಿಕೊಳ್ಳುವ ರೀತಿಯನ್ನು ತಿಳಿಸಲಾರದು. ಅರ್ಥಧಾರಿಯ ಮಾತಂತೂ ಪುಸ್ತಕದಲ್ಲಿ ಇರುವುದೇ ಇಲ್ಲ. ಅದು ಆ ರಾತ್ರಿ ಹುಟ್ಟಿ ಆ ರಾತ್ರಿಯೇ ಮುಗಿಯುವಂಥದು. ಶೇಣಿ ಗೋಪಾಲಕೃಷ್ಣ ಭಟ್ಟರಂತಹವರ ವಾಗ್ವೈಭವ ಶಬ್ದದಲ್ಲಿ ಮಾತ್ರ ಉಳಿಯಬಲ್ಲದು.

ಇಡೀ ಇರುಳಿನ ಆಟ ಮೂರು ನಿಮಿಷದ ತಟ್ಟೆಗೆ ಹಿಡಿಸುವಂತಿರಲಿಲ್ಲ. 1963ರಲ್ಲಿ ಫಿಲಿಪ್ಸ್ ಕಂಪನಿ ಹೊರತಂದ ಧ್ವನಿಸುರುಳಿ 1980ರ ದಶಕದ ಹೊತ್ತಿಗೆ ಭಾರತದಲ್ಲಿ ಮನೆಮನೆಗೂ ಹಬ್ಬಿದಾಗ ಈ ಅಡ್ಡಿ ಬಹುಮಟ್ಟಿಗೆ ನಿವಾರಣೆಯಾಯಿತು. ತಾಳಮದ್ದಳೆಗಳು ಸುರುಳಿಗಳಲ್ಲಿ ಮಾರಾಟಕ್ಕೆ ಬಂದವು. ಆಸಕ್ತರು ತಾವೇ ಮುದ್ರಿಸಿಕೊಂಡರು. ಒಬ್ಬರ ಸುರುಳಿ ಮತ್ತೊಬ್ಬರ ಮನೆಗೆ ಹೋಗಿ ಪ್ರತಿಯಾಗಿ ಮರಳಿತು. ಗ್ರಂಥಾಲಯ ಮಾಡದ ಎರವಲಿನ ಕೆಲಸವನ್ನು ನೆರೆಹೊರೆಯೇ ಮಾಡಿತು. ಆದರೆ ಈ ವ್ಯವಹಾರಕ್ಕೆ ಸೂಚಿಯಿರಲಿಲ್ಲ, ಮುದ್ರಿಸಿದ ದಿನ, ಸ್ಥಳ, ಕಲಾವಿದರ ಹೆಸರುಗಳ ದಾಖಲೆಯಿರಲಿಲ್ಲ. ಕರಾವಳಿಯ ತೇವದಲ್ಲಿ ಕಾಂತಪಟ್ಟಿಗೆ ಬೂಷ್ಟು ಹಿಡಿಯುತ್ತದೆ. ನುಡಿಸುವ ಯಂತ್ರವೂ ಅಪರೂಪವಾಗಿದೆ. ಅರಗಿನ ತಟ್ಟೆ ಕೈಜಾರಿದರೆ ಒಡೆಯುತ್ತದೆ. ಮನೆಯ ಹಿರಿಯರು ತೀರಿಕೊಂಡ ಮೇಲೆ ಪುಸ್ತಕದ ಗಂಟನ್ನು ಗ್ರಂಥಾಲಯಕ್ಕೆ ಕೊಡುವ ರೂಢಿಯುಂಟು. ಸುರುಳಿಯ ಪೆಟ್ಟಿಗೆಯನ್ನು ಕೊಡೋಣವೆಂದರೆ ತೆಗೆದುಕೊಳ್ಳುವವರಿಲ್ಲ.

ಉಳಿದಿರುವ ಕಾರ್ಯ

ಧ್ವನಿಸಂಗ್ರಹದ ಕಾರ್ಯ ದೇಶದಲ್ಲಿ ನಡೆದೇ ಇಲ್ಲವೆಂದಲ್ಲ. ಅಮೆರಿಕನ್ ಭಾರತೀಯ ಅಧ್ಯಯನ ಸಂಸ್ಥೆಯ ಜನಾಂಗೀಯ ಸಂಗೀತ ಸಂಗ್ರಹಾಗಾರ 1982ರಲ್ಲಿ ಪುಣೆಯಲ್ಲಿ ಆರಂಭವಾಯಿತು. ಹಳೆಯ ತಟ್ಟೆಗಳ ಸಂಗ್ರಾಹಕರು 1990ರಲ್ಲಿ ಮುಂಬಯಿಯಲ್ಲಿ ಸಂಘ ಕಟ್ಟಿಕೊಂಡರು. ಆದರೆ ಇವು ವಿದ್ವಾಂಸರ ಮತ್ತು ಸಂಗ್ರಾಹಕರ ನೆಲೆಗಳು. ಮಂಜೇಶ್ವರದ ಅಥವಾ ಜತ್ತಿನ ಶಾಲಾ ಬಾಲಕನೊಬ್ಬ ಸಂಜೆ ನಡೆದುಹೋಗಿ ಕೇಳಬಹುದಾದ ಸ್ಥಳಗಳಲ್ಲ.

ಕಾನೂನು ಈ ಕಾರ್ಯಕ್ಕೆ ಪೂರ್ತಿ ಪ್ರತಿಕೂಲವಾಗಿಲ್ಲ. ಭಾರತದ ಕೃತಿಸ್ವಾಮ್ಯ ಕಾಯಿದೆಯಲ್ಲಿ ಧ್ವನಿಮುದ್ರಣದ ಹಕ್ಕು ಪ್ರಕಟಣೆಯ ಮರುವರ್ಷದಿಂದ 60 ವರ್ಷ. ಆದುದರಿಂದ 1930 ಮತ್ತು 1940ರ ದಶಕಗಳ ತಟ್ಟೆಗಳ ಧ್ವನಿಮುದ್ರಣದ ಹಕ್ಕು ಮುಗಿದಿದೆ. ಹಾಡಿನ ಸಾಹಿತ್ಯದ ಹಕ್ಕನ್ನು ಬೇರೆಯಾಗಿ ಪರಿಶೀಲಿಸಬೇಕಾಗುತ್ತದೆ; ದಾಸರ ಪದ, ವಚನ, ಹಳೆಯ ಪ್ರಸಂಗಗಳಿಗೆ ಆ ತೊಡಕೂ ಇಲ್ಲ. ಗಡಿನಾಡಿನ ಗ್ರಂಥಾಲಯಗಳು ಮೊದಲು ಮಾಡಬೇಕಾದುದು ಮನೆಗಳಲ್ಲಿರುವ ತಟ್ಟೆ ಮತ್ತು ಸುರುಳಿಗಳ ಪಟ್ಟಿ. ಆ ಬಳಿಕ ಅವುಗಳ ಪ್ರತಿ. ಕೊನೆಗೆ ಪ್ರತಿಯ ಎರವಲು. ಮೂಲವಸ್ತು ಮನೆಯವರಲ್ಲಿಯೇ ಉಳಿದರೂ ದನಿ ಊರಿನದಾಗುತ್ತದೆ.

ರಂಗನಾಥನ್ನರ ಎರಡನೆಯ ಸೂತ್ರವನ್ನು ಕೇಳುಗನಿಗೂ ಅನ್ವಯಿಸಿದರೆ, ಪ್ರತಿಯೊಂದು ಕಿವಿಗೂ ಅದರ ದನಿ ದೊರೆಯಬೇಕು. ಅನ್ಯಭಾಷೆಯ ಶಾಲೆಯಲ್ಲಿ ಕಲಿತು ಕನ್ನಡ ಲಿಪಿಯನ್ನು ಓದಲಾರದ ಮಕ್ಕಳು ಗಡಿನಾಡಿನ ಮನೆಗಳಲ್ಲಿ ಬೆಳೆಯುತ್ತಿದ್ದಾರೆ. ಕಪಾಟಿನಲ್ಲಿರುವ ಕನ್ನಡ ಪುಸ್ತಕ ಅವರ ಪಾಲಿಗೆ ಮುಚ್ಚಿದ ಬಾಗಿಲು. ಅಜ್ಜನ ಕಾಲದ ಭಾಗವತಿಕೆಯನ್ನು ಅವರು ಈಗಲೂ ಕೇಳಬಲ್ಲರು, ಕೇಳಿ ಅರ್ಥಮಾಡಿಕೊಳ್ಳಬಲ್ಲರು.