ಹೊನ್ನಾವರದಲ್ಲಿ ಹನ್ನೊಂದು ತಿಂಗಳು

ಡಿಗ್ರಿಯ ಕೊನೆಯ ಪರೀಕ್ಷೆ ಮುಗಿಸಿ, ಕೆಲಸಕ್ಕೆ ಸೇರುವ ಮೊದಲು ಬೆನ್ನಿಗೊಂದು ಬ್ಯಾಗ್ ಏರಿಸಿಕೊಂಡು ಒಬ್ಬರೇ ದೇಶ ಸುತ್ತಲು ಹೊರಟರೆ ಉತ್ತರ ಬೆಂಗಳೂರಿನ ಶೆಟ್ಟಿಹಳ್ಳಿಯಂಥ ಬಡಾವಣೆಯಲ್ಲೂ ಈಗ ಅಕ್ಕಪಕ್ಕದವರು ಹುಬ್ಬೇರಿಸುವುದಿಲ್ಲ. ಮನೆಯೊಳಗಿನ ಮಾತು ಬೇರೆ. “ಒಬ್ನೇ ಹೋಗ್ಬೇಕೇನೋ? ಅಲ್ಲಿ ಊಟಕ್ಕೇನ್ ಮಾಡ್ತೀಯ?” ಎಂದು ಅಮ್ಮ ಕೇಳುತ್ತಾರೆ. ಅಪ್ಪ ಕೇಳುವುದು ದುಡ್ಡಿನ ಲೆಕ್ಕ. ತಾಂಜಾನಿಯಾ, ವಿಯೆಟ್ನಾಂ, ಈಜಿಪ್ಟ್ ಎಂದು ಮಗ ಪಟ್ಟಿ ಓದಿದಷ್ಟೂ ಈ ಎರಡು ಪ್ರಶ್ನೆಗಳು ಗಟ್ಟಿಯಾಗುತ್ತವೆ.

ಪ್ರಶ್ನೆಗಳು ಹಳೆಯವು. ಏಷ್ಯಾ ಮತ್ತು ಆಫ್ರಿಕಾಗಳನ್ನು ಸುತ್ತಿದವರಲ್ಲೇ ಹೆಸರಾದ ಒಬ್ಬ ಯುವಕನಿಗೆ ಸುಮಾರು ಏಳುನೂರು ವರ್ಷಗಳ ಹಿಂದೆ ಇವಕ್ಕೆ ಸಿಕ್ಕ ಉತ್ತರಗಳಲ್ಲಿ ಒಂದು ನಮ್ಮ ಹೊನ್ನಾವರ.

ಮೊರಾಕ್ಕೊದ ಟ್ಯಾಂಜಿಯರ್‌ನಲ್ಲಿ ಖಾಜಿಗಳ, ಅಂದರೆ ಇಸ್ಲಾಮೀ ನ್ಯಾಯಾಧೀಶರ, ಮನೆತನದಲ್ಲಿ 1304ರಲ್ಲಿ ಹುಟ್ಟಿದ ಇಬ್ನ್ ಬತೂತ, ಇಸ್ಲಾಮೀ ಕಾನೂನು ಓದಿಕೊಂಡು 1325ರ ಜೂನ್ 14ರಂದು ಮೆಕ್ಕಾ ಯಾತ್ರೆಗೆಂದು ಮನೆ ಬಿಟ್ಟ. ವಯಸ್ಸು ಇಪ್ಪತ್ತೊಂದು. ಜೊತೆಗೆ ಗೆಳೆಯರಿಲ್ಲ, ಸೇರಿಕೊಳ್ಳಲು ವರ್ತಕರ ತಂಡವೂ ಇಲ್ಲ. ಟ್ಯೂನಿಸ್ ಮುಟ್ಟಿದಾಗ ಊರಿನವರು ಬಂದ ಯಾತ್ರಿಕರನ್ನೆಲ್ಲ ಎದುರುಗೊಂಡು ಮಾತನಾಡಿಸಿದರು, ಇವನನ್ನು ಕೇಳುವವರಿಲ್ಲ. ಹುಡುಗ ನಿಂತಲ್ಲೇ ಅತ್ತುಬಿಟ್ಟ. ಅದನ್ನು ಕಂಡ ಯಾತ್ರಿಕನೊಬ್ಬ ಹತ್ತಿರ ಬಂದು ಮಾತನಾಡಿಸಿ ಸಮಾಧಾನ ಮಾಡಿದ. ಇದನ್ನು ಮುಚ್ಚಿಡದೆ ಹೇಳಿಕೊಂಡದ್ದು ಆತನ ದೊಡ್ಡತನ. ಮುಂದೆ ತನ್ನ ಬಗ್ಗೆ ಆತ ಬೇಕಾದಷ್ಟು ಜಂಬ ಕೊಚ್ಚಿಕೊಂಡಿದ್ದಾನೆ.

ಅವನ ಒಂಟಿತನ ಟ್ಯೂನಿಸ್‌ನಲ್ಲೇ ಮುಗಿಯಿತು ಎನ್ನಬೇಕು. ಅಲ್ಲಿಂದ ಹೊರಟ ಯಾತ್ರಿಕರ ತಂಡಕ್ಕೆ ಅವನೇ ಖಾಜಿಯಾದ. ಕಲಿತ ವಿದ್ಯೆಯೇ ಕೈಗಂಟಾಯಿತು. ಅರಬ್ಬಿ ಓದಬಲ್ಲ, ವ್ಯಾಜ್ಯ ತೀರಿಸಬಲ್ಲ ಮನುಷ್ಯನಿಗೆ ಅಲೆಕ್ಸಾಂಡ್ರಿಯಾದಿಂದ ಆಫ್ರಿಕಾದ ಪೂರ್ವ ಕರಾವಳಿಯ ಕಿಲ್ವಾದವರೆಗೆ ಉಳಿಯಲು ಜಾಗ, ಉಣ್ಣಲು ಅನ್ನ, ಹೊರಡುವಾಗ ಉಡುಗೊರೆ ಸಿಗುವಂಥ ಏರ್ಪಾಟು ಆ ಕಾಲದ ಬಂದರುಗಳಲ್ಲಿ ಇತ್ತು. ಮೊಗದಿಶುವಿನಲ್ಲಿ ಹಡಗು ಲಂಗರು ಹಾಕಿದರೆ ಸಾಕು, ಹರೆಯದ ಹುಡುಗರು ಊಟದ ತಟ್ಟೆ ಹಿಡಿದು ದೋಣಿಯಲ್ಲಿ ಬರುತ್ತಿದ್ದರು. ಯಾವ ವರ್ತಕನ ಮುಂದೆ ತಟ್ಟೆ ಇಟ್ಟರೋ ಅವನು ಅವರ ಮನೆಯ ಅತಿಥಿ. ಬತೂತ ಓದಿದವನು ಎಂದು ತಿಳಿದು ಖಾಜಿಯೇ ಎದುರುಗೊಂಡ. ಅಲ್ಲಿ ಬಡಿಸಿದ್ದು ತುಪ್ಪ ಹಾಕಿದ ಅನ್ನ, ಹಾಲಿನಲ್ಲಿ ಬೇಯಿಸಿದ ಬಾಳೆಕಾಯಿ, ಮೊಸರು, ನಿಂಬೆ ಮತ್ತು ಮಾವಿನ ಉಪ್ಪಿನಕಾಯಿ, ಹಸಿಶುಂಠಿ. ಸುಲ್ತಾನ ಕೊಟ್ಟುಕಳಿಸಿದ್ದು ವೀಳ್ಯದೆಲೆ ಮತ್ತು ಅಡಿಕೆ. 1330ರ ಆಸುಪಾಸಿನ ಸೊಮಾಲಿಯಾದ ಈ ಊಟವನ್ನು ಕುಮಟೆಯಲ್ಲೋ ಕುಂದಾಪುರದಲ್ಲೋ ಬಡಿಸಿದ್ದರೆ ಯಾರಿಗೂ ಹೊಸದೆನಿಸುತ್ತಿರಲಿಲ್ಲ.

ಮುಂದೆ ದೆಹಲಿಗೆ ಬಂದ ಬತೂತನನ್ನು ಮಹಮ್ಮದ್ ಬಿನ್ ತುಘಲಕ್ ಖಾಜಿ ಮಾಡಿದ. ಸಂಬಳ ವರ್ಷಕ್ಕೆ 12,000 ದಿನಾರು. ಹಲವು ವರ್ಷಗಳ ನಂತರ, 1342ರಲ್ಲಿ, ಚೀನಾದ ಚಕ್ರವರ್ತಿಗೆ ಕಾಣಿಕೆ ಒಪ್ಪಿಸಿ ಬಾ ಎಂದು ರಾಯಭಾರಿಯಾಗಿ ಕಳಿಸಿದ. ಪಶ್ಚಿಮ ಕರಾವಳಿಯ ಬಂದರುಗಳಿಗೆ ಅವನು ಇಳಿದದ್ದು ಈ ಹಾದಿಯಲ್ಲಿ.

ಗೋವಾದ ಕಡೆಯಿಂದ ಕೊಲ್ಲಂವರೆಗಿನ ಕರಾವಳಿ ರಸ್ತೆಯ ಬಗ್ಗೆ ಆತ ಹೇಳುವುದನ್ನು ನಿಧಾನವಾಗಿ ಓದಬೇಕು. ಉದ್ದಕ್ಕೂ ಮರಗಳ ನೆರಳು. ಅರ್ಧರ್ಧ ಮೈಲಿಗೊಂದು ಮರದ ಮನೆ, ಅದರಲ್ಲಿ ಕೂರಲು ಜಗಲಿ, ಪಕ್ಕದಲ್ಲಿ ಬಾವಿ, ನೀರು ಕೊಡಲು ಒಬ್ಬ ಆಳು. ನಮ್ಮ ಅರವಟಿಗೆಯೇ. ಹಿಂದೂಗಳಿಗೆ ಪಾತ್ರೆಯಲ್ಲಿ ನೀರು, ಮುಸ್ಲಿಮರಾದರೆ ಬೊಗಸೆಗೆ ಸುರಿಯುತ್ತಿದ್ದರು. ಮನೆಯೊಳಗೆ ಕರೆಯುತ್ತಿರಲಿಲ್ಲ, ಊಟ ಕೊಟ್ಟರೆ ಬಾಳೆಎಲೆಯ ಮೇಲೆ, ಉಳಿದದ್ದು ನಾಯಿಗೆ ಕಾಗೆಗೆ. ಆದರೆ ದಾರಿಯ ಪ್ರತಿ ತಂಗುದಾಣದಲ್ಲೂ ಮುಸ್ಲಿಮರ ಮನೆಗಳಿದ್ದವು, ಹೊರಗಿನಿಂದ ಬಂದವರಿಗೆ ಬೇಕಾದ ಸಾಮಾನು ಕೊಟ್ಟು ಅಡುಗೆ ಮಾಡಿಕೊಡುತ್ತಿದ್ದರು. ಮಡಿಯೂ ಉಪಚಾರವೂ ಒಂದೇ ಬಾವಿಕಟ್ಟೆಯಲ್ಲಿದ್ದವು. ಬತೂತನಿಗೆ ಇದು ವಿಚಿತ್ರವೆನಿಸಿತು, ಆದರೂ ಇಷ್ಟು ಸುರಕ್ಷಿತವಾದ ದಾರಿ ಬೇರೆಲ್ಲೂ ಕಾಣಲಿಲ್ಲ ಎಂದು ಒಪ್ಪಿಕೊಂಡಿದ್ದಾನೆ. ಸಾಮಾನು ಸಾಗಿಸಲು ದನ, ಕುದುರೆ ಇಲ್ಲ. ಎಲ್ಲ ಹೊರೆಯಾಳುಗಳ ತಲೆಯ ಮೇಲೆ. ಒಬ್ಬ ವರ್ತಕನ ಹಿಂದೆ ನೂರು ಜನ ಹೊರೆಯಾಳುಗಳು ಸಾಗುವುದೂ ಇತ್ತು.

ಹೊನ್ನಾವರ ಶರಾವತಿಯ ಅಳಿವೆಯ ಮೇಲಿದೆ, ದೊಡ್ಡ ಹಡಗುಗಳೂ ಒಳಕ್ಕೆ ಬರುತ್ತಿದ್ದವು. ಇಲ್ಲಿನ ಮುಸ್ಲಿಮರಿಗೆ ಗದ್ದೆ ತೋಟ ಇರಲಿಲ್ಲ, ಕಡಲ ವ್ಯಾಪಾರವೇ ಬದುಕು. ಮಳೆಗಾಲದ ನಾಲ್ಕು ತಿಂಗಳು ಆ ವ್ಯಾಪಾರವೂ ಇಲ್ಲ. ಊರನ್ನು ಆಳುತ್ತಿದ್ದವನು ಸುಲ್ತಾನ ಜಮಾಲುದ್ದೀನ್ ಮಹಮ್ಮದ್. ಕಡಲಲ್ಲಿ ಅವನ ಬಲಕ್ಕೆ ಹೆದರಿ ಮಲಬಾರಿನವರು ವರ್ಷಕ್ಕಿಷ್ಟು ಎಂದು ಕಪ್ಪ ಕೊಡುತ್ತಿದ್ದರು. ಅವನ ಮೇಲೊಬ್ಬ ಹಿಂದೂ ರಾಜನಿದ್ದ. ಬತೂತ ಅವನನ್ನು ‘ಹರ್ಯಬ್’ ಎಂದು ಕರೆದಿದ್ದಾನೆ. ಇತಿಹಾಸಕಾರರು ಸಾಮಾನ್ಯವಾಗಿ ಅವನನ್ನು ವಿಜಯನಗರದ ಒಂದನೆಯ ಹರಿಹರನೆಂದು ಗುರುತಿಸುತ್ತಾರೆ. ಹಂಪಿಯ ರಾಜ್ಯ ಇನ್ನೂ ಹಸುಗೂಸಾಗಿದ್ದಾಗ ಅದರ ರಾಜನ ಹೆಸರು ಕಡಲಂಚಿನ ಒಬ್ಬ ಪರದೇಶಿಯ ಕಿವಿಗೆ ಬಿದ್ದಿತ್ತು ಎಂಬುದಕ್ಕೆ ಇದೊಂದು ಸಾಕ್ಷಿ.

ಆ ಸುಲ್ತಾನನ ಮನೆಯ ಊಟದ ವಿವರ ಬತೂತನ ಪುಸ್ತಕದಲ್ಲೇ ರುಚಿಕಟ್ಟಾದ ಪುಟ. ಮುಂದೆ ತಾಮ್ರದ ಮಣೆ, ಅದರ ಮೇಲೆ ತಾಮ್ರದ ತಟ್ಟೆ. ರೇಷ್ಮೆ ಉಟ್ಟ ಹುಡುಗಿಯೊಬ್ಬಳು ಪಾತ್ರೆಗಳನ್ನು ತರಿಸಿಟ್ಟು, ದೊಡ್ಡ ತಾಮ್ರದ ಸೌಟಿನಲ್ಲಿ ಮೊದಲು ಒಂದು ಸೌಟು ಅನ್ನ ಬಡಿಸಿ ಮೇಲೆ ತುಪ್ಪ ಹಾಕುತ್ತಾಳೆ. ಬದಿಗೆ ಮೆಣಸಿನ ಗೊಂಚಲು, ಹಸಿಶುಂಠಿ, ನಿಂಬೆ, ಮಾವಿನ ಉಪ್ಪಿನಕಾಯಿ. ತುತ್ತಿಗೊಂದಿಷ್ಟು ಉಪ್ಪಿನಕಾಯಿ ನಂಚಿಕೊಳ್ಳಬೇಕು. ಅದು ಮುಗಿದರೆ ಇನ್ನೊಂದು ಸೌಟು ಅನ್ನ, ಅದಕ್ಕೆ ಹುಳಿಯಲ್ಲಿ ಬೇಯಿಸಿದ ಕೋಳಿ. ಮತ್ತೆ ಅನ್ನ, ಬೇರೆ ಬಗೆಯ ಕೋಳಿ. ಆಮೇಲೆ ಮೀನು, ಆಮೇಲೆ ತುಪ್ಪದಲ್ಲಿ ಮಾಡಿದ ತರಕಾರಿ, ಪ್ರತಿಯೊಂದಕ್ಕೂ ಹೊಸ ಅನ್ನ. ಕೊನೆಗೆ ಮೊಸರು. ಮೊಸರು ಬಂತೆಂದರೆ ಇನ್ನೇನೂ ಬರುವುದಿಲ್ಲ ಎಂದು ತಿಳಿಯಬೇಕು ಎಂದು ಬತೂತ ತನ್ನ ಓದುಗರಿಗೆ ಬಿಡಿಸಿ ಹೇಳುತ್ತಾನೆ. ಕನ್ನಡದ ಓದುಗರಿಗೆ ಹೇಳಬೇಕಾಗಿಲ್ಲ. ಮಳೆಗಾಲದಲ್ಲಿ ತಣ್ಣೀರು ಒಳ್ಳೆಯದಲ್ಲವೆಂದು ಊಟದ ಮೇಲೆ ಬಿಸಿನೀರು.

ಹೊನ್ನಾವರದ ಹೆಂಗಸರು ಹೊಲಿಗೆಯಿಲ್ಲದ ಒಂದೇ ಬಟ್ಟೆಯನ್ನು ಸೊಂಟಕ್ಕೆ ಸುತ್ತಿ ಸೆರಗನ್ನು ತಲೆ, ಹೆಗಲ ಮೇಲೆ ಹೊದೆಯುತ್ತಾರೆ, ಮೂಗಿಗೆ ಚಿನ್ನದ ನತ್ತು ಹಾಕುತ್ತಾರೆ ಎಂದು ಆತ ಬರೆಸಿದ್ದಾನೆ. ಅದಕ್ಕಿಂತ ದೊಡ್ಡ ಸಂಗತಿ ಮುಂದಿದೆ: ಇವರೆಲ್ಲರಿಗೂ ಕುರ್‌ಆನ್ ಬಾಯಿಪಾಠ. ಊರಿನಲ್ಲಿ ಹುಡುಗಿಯರಿಗೆ 13 ಶಾಲೆ, ಹುಡುಗರಿಗೆ 23. ಬೇರೆಲ್ಲೂ ಇಂಥದ್ದನ್ನು ಕಂಡಿಲ್ಲ ಎನ್ನುತ್ತಾನೆ. ಮೆಕ್ಕಾ, ಡಮಾಸ್ಕಸ್, ದೆಹಲಿ ನೋಡಿ ಬಂದವನ ಮಾತಿದು. ನಮ್ಮ ಪಠ್ಯಪುಸ್ತಕಗಳಲ್ಲಿ ಬತೂತ ಎಂದರೆ ತುಘಲಕನ ಹುಚ್ಚಾಟಗಳಿಗೆ ಸಾಕ್ಷಿ ಹೇಳುವವನು, ಅಷ್ಟೇ. ಹದಿನಾಲ್ಕನೆಯ ಶತಮಾನದ ಈ ಹೆಣ್ಣುಮಕ್ಕಳ ಶಾಲೆಗಳಿಗೆ ಅಲ್ಲಿ ಒಂದು ಸಾಲು ಜಾಗ ಕೊಟ್ಟರೆ ನಷ್ಟವಿಲ್ಲ.

ದಕ್ಷಿಣಕ್ಕೆ ಇಳಿದರೆ ಬಸರೂರು. ತೆಂಗಿನ ತೋಟಗಳ ಸಣ್ಣ ಊರು, ಇದ್ದದ್ದನ್ನೆಲ್ಲ ಬಡವರಿಗೆ ಹಂಚುತ್ತಿದ್ದ ಒಬ್ಬ ಶೇಖ್. ಬಾರ್ಕೂರಿನಲ್ಲಿ ಕಬ್ಬು ಸೊಗಸು, ಬಂದರಿನ ರಿವಾಜು ಬಿಗಿ. ಹಾದುಹೋಗುವ ಹಡಗು ಯಾವುದೇ ಇರಲಿ, ನಿಂತು ರಾಜನಿಗೆ ಕಾಣಿಕೆ ಸಲ್ಲಿಸಬೇಕು. ತಪ್ಪಿಸಿಕೊಂಡರೆ ಸುಮಾರು ಮೂವತ್ತು ಯುದ್ಧನೌಕೆಗಳು ಬೆನ್ನಟ್ಟಿ ಹಿಡಿದು ತರುತ್ತಿದ್ದವು, ಆಮೇಲೆ ಸುಂಕ ಇಮ್ಮಡಿ. ಇವತ್ತು ವೀಸಾ ಶುಲ್ಕ ಕಟ್ಟಿ, ಆಫ್ರಿಕಾದ ಕೆಲವು ದೇಶಗಳಿಂದ ಮರಳುವಾಗ ಹಳದಿಜ್ವರದ ಲಸಿಕೆ ಪತ್ರವನ್ನು ವಿಮಾನ ನಿಲ್ದಾಣದಲ್ಲಿ ತೋರಿಸುವವರು ಬಾರ್ಕೂರಿನ ಕಷ್ಟವನ್ನು ಬೇಗ ಅರ್ಥಮಾಡಿಕೊಂಡಾರು. ಮಂಗಳೂರಿನಲ್ಲಿ ಯೆಮನ್ ಮತ್ತು ಪರ್ಷಿಯಾದ ವರ್ತಕರಿದ್ದರು, ಮೆಣಸು ಶುಂಠಿ ಹೇರಳ, ಸುಮಾರು 4,000 ಮುಸ್ಲಿಮರು. ಅವರಿಗೂ ಊರಿನವರಿಗೂ ಆಗಾಗ ಜಗಳ. ವ್ಯಾಪಾರ ಕೆಡಬಾರದೆಂದು ರಾಜನೇ ನಡುವೆ ಬಂದು ರಾಜಿ ಮಾಡಿಸುತ್ತಿದ್ದ.

ಇದೇ ಮಂಗಳೂರಿನಿಂದ ಎದುರು ದಿಕ್ಕಿಗೆ ಹೋದವನೊಬ್ಬನ ಸುದ್ದಿ ಇನ್ನೂ ಇನ್ನೂರು ವರ್ಷ ಹಳೆಯದು. ಟ್ಯುನೀಸಿಯಾ ಮೂಲದ ಯಹೂದಿ ವರ್ತಕ ಅಬ್ರಹಾಂ ಬೆನ್ ಯಿಜು 1130ರ ದಶಕದಿಂದ ಇಲ್ಲಿ ನೆಲೆಸಿ ಕಂಚಿನ ಕಾರ್ಖಾನೆ ನಡೆಸುತ್ತಿದ್ದ. ಅವನ ಜೀತದಾಳು ಒಬ್ಬ ಮಾಲೀಕನ ಪರವಾಗಿ ಏಡನ್‌ಗೆ ಹೋಗಿ ವ್ಯವಹಾರ ಮುಗಿಸಿ ಬಂದದ್ದು ಕೈರೋದ ಸಿನಗಾಗ್ ಒಂದರಲ್ಲಿ ಉಳಿದ ಹಳೆಯ ಪತ್ರಗಳಿಂದ ತಿಳಿದಿದೆ. 1978ರಲ್ಲಿ ಆಕ್ಸ್‌ಫರ್ಡಿನ ಗ್ರಂಥಾಲಯದಲ್ಲಿ ಅವುಗಳಲ್ಲಿ ಒಂದನ್ನು ಅನುವಾದದಲ್ಲಿ ಓದಿದ ಇಪ್ಪತ್ತೆರಡರ ವಿದ್ಯಾರ್ಥಿ ಅಮಿತಾವ್ ಘೋಷ್, ಮುಂದೆ ಈಜಿಪ್ಟಿನ ಹಳ್ಳಿಗಳಲ್ಲಿ ಉಳಿದು, ಆಮೇಲೆ ಮಂಗಳೂರಿಗೂ ಬಂದರು. ಪ್ರೊ. ಬಿ.ಎ. ವಿವೇಕ ರೈ ಅವರೊಡನೆ ಚರ್ಚಿಸಿ ಆ ಆಳಿನ ಹೆಸರು ತುಳುನಾಡಿನ ‘ಬೊಮ್ಮ’ ಇರಬೇಕೆಂಬ ತೀರ್ಮಾನಕ್ಕೆ ಬಂದರು; 1992ರಲ್ಲಿ ಈ ಬಗ್ಗೆ ಘೋಷ್ ಅವರ ಪುಸ್ತಕ ಬಂತು.

ಬೊಮ್ಮ ಬ್ಯಾಗ್ ಏರಿಸಿಕೊಂಡು ಹೊರಟವನಲ್ಲ, ಕಳಿಸಿದ್ದಕ್ಕೆ ಹೋದವನು. ಎರಡು ಖಂಡಗಳ ನಡುವೆ ಹೀಗೆ ತಾವಾಗಿ ಬಯಸದೆ ಓಡಾಡಿದವರೇ ಬಹಳ. ಯಲ್ಲಾಪುರ, ಹಳಿಯಾಳದ ಕಾಡಂಚಿನ ಸಿದ್ದಿಗಳ ಹಿರಿಯರನ್ನು ಆಫ್ರಿಕಾದಿಂದ ಗುಲಾಮರಾಗಿ ತಂದದ್ದು ಗೊತ್ತಿರುವ ಸಂಗತಿ. ಶೆಟ್ಟಿಹಳ್ಳಿಗೆ ಕೂಗಳತೆಯ ಜಾಲಹಳ್ಳಿಯಲ್ಲೂ ಎರಡನೇ ಮಹಾಯುದ್ಧದ ಕಾಲಕ್ಕೆ ಇಟಲಿಯ ಯುದ್ಧಕೈದಿಗಳಿದ್ದರು. ಉತ್ತರ ಆಫ್ರಿಕಾದ ಮರುಭೂಮಿಯಲ್ಲಿ ಬ್ರಿಟಿಷರ ಕೈಗೆ ಸಿಕ್ಕಿ ಬೆಂಗಳೂರು ಸೇರಿದವರು. ಬತೂತನ ಹಿಂದೆ ಮುಂದೆಯೂ ಗುಲಾಮರು ಇರುತ್ತಿದ್ದರು. ಅವರ ಪೈಕಿ ಯಾರೂ ಪ್ರವಾಸಕಥನ ಬರೆಸಲಿಲ್ಲ.

ಕಲ್ಲಿಕೋಟೆಯಲ್ಲಿ ಬತೂತನ ಅದೃಷ್ಟ ಕೈಕೊಟ್ಟಿತು. ಚೀನಾಕ್ಕೆ ಹೊರಡಬೇಕಿದ್ದ ಕಾಣಿಕೆಯ ಹಡಗು ಬಿರುಗಾಳಿಗೆ ಒಡೆಯಿತು, ಅವನ ಸಾಮಾನಿದ್ದ ಹಡಗು ಅವನನ್ನು ಬಿಟ್ಟೇ ಹೋಯಿತು. ಉಳಿದದ್ದು ಹತ್ತು ದಿನಾರು ಮತ್ತು ಮಲಗುವ ಜಮಖಾನ. ತುಘಲಕನಿಗೆ ಮುಖ ತೋರಿಸುವ ಧೈರ್ಯವಿಲ್ಲದೆ ಅವನು ಮರಳಿದ್ದು ಹೊನ್ನಾವರಕ್ಕೆ. ಮಸೀದಿಯಲ್ಲಿ ಕೂತು ದಿನಕ್ಕೊಮ್ಮೆ, ಆಮೇಲೆ ದಿನಕ್ಕೆರಡು ಬಾರಿ ಕುರ್‌ಆನ್ ಪೂರ್ತಿ ಓದುತ್ತ ತಿಂಗಳುಗಟ್ಟಲೆ ಕಳೆದ. ಜಮಾಲುದ್ದೀನ್ 52 ಹಡಗುಗಳೊಂದಿಗೆ ಗೋವಾದ ಸಂದಾಪುರದ ಮೇಲೆ ದಂಡೆತ್ತಿ ಹೋದಾಗ ಖಾಜಿಯೂ ಕತ್ತಿ ಹಿಡಿದು ಜೊತೆಗೆ ಹೊರಟ. ಗೆದ್ದರು. ಸೋತ ರಾಜ ಮತ್ತೆ ಬಂದು ಮುತ್ತಿಗೆ ಹಾಕಿದಾಗ ಮಾತ್ರ ಬತೂತ ಮೆಲ್ಲನೆ ಜಾಗ ಖಾಲಿ ಮಾಡಿದ.

ಮಾಲ್ಡೀವ್ಸ್, ಸಿಂಹಳ ಸುತ್ತಿ ಮಧುರೆ ತಲುಪಿದವನಿಗೆ ಅಲ್ಲಿ ಕರ್ನಾಟಕದ ಇನ್ನೊಂದು ಕಥೆ ಎದುರಾಯಿತು. ಹೊಯ್ಸಳರ ಮುಪ್ಪಿನ ದೊರೆ ಮೂರನೆಯ ಬಲ್ಲಾಳ ಮಧುರೆಯ ಸುಲ್ತಾನನ ಕೈಗೆ ಸೆರೆಸಿಕ್ಕು ಸತ್ತಿದ್ದ. ಅವನ ಚರ್ಮ ಸುಲಿದು, ಹುಲ್ಲು ತುಂಬಿ, ಊರಿನ ಕೋಟೆಗೋಡೆಗೆ ನೇತುಹಾಕಿದ್ದರು. ಅದನ್ನು ಕಣ್ಣಾರೆ ಕಂಡೆ ಎಂದು ಬತೂತ ಒಂದೇ ವಾಕ್ಯದಲ್ಲಿ ಹೇಳಿ ಮುಂದೆ ಹೋಗುತ್ತಾನೆ.

ಮತ್ತೆ ಹೊನ್ನಾವರಕ್ಕೆಂದು ಕೊಲ್ಲಂನಿಂದ ಹಡಗು ಹತ್ತಿದ. ಹೊನ್ನಾವರ ಮತ್ತು ಬಾರ್ಕೂರಿನ ನಡುವೆ, ಸಣ್ಣ ದ್ವೀಪವೊಂದರ ಬಳಿ, ಹನ್ನೆರಡು ಹಡಗುಗಳ ಕಡಲ್ಗಳ್ಳರು ಸುತ್ತುವರಿದರು. ಈಗ ಸ್ಕೂಬಾ ಡೈವಿಂಗ್‌ಗೆ ಹೆಸರಾದ ನೇತ್ರಾಣಿ ಇರುವುದೂ ಅದೇ ಹಾದಿಯಲ್ಲಿ. ಸಿಂಹಳದ ರಾಜ ಕೊಟ್ಟ ಮುತ್ತು ಮಾಣಿಕ್ಯ, ಬಟ್ಟೆಬರೆ, ದಾರಿಖರ್ಚು ಎಲ್ಲ ಹೋಯಿತು. ಮೈಮೇಲೆ ಉಳಿದದ್ದು ಚಲ್ಲಣ ಮಾತ್ರ. ಹಾಗೇ ಕಲ್ಲಿಕೋಟೆಗೆ ಬಂದು ಮಸೀದಿ ಹೊಕ್ಕ. ವಿದ್ವಾಂಸನೊಬ್ಬ ಅಂಗಿ ಕಳಿಸಿದ, ಖಾಜಿ ಮುಂಡಾಸು ಕಳಿಸಿದ, ಇನ್ನೊಂದು ಅಂಗಿ ವರ್ತಕನೊಬ್ಬನದು.

1349ರಲ್ಲಿ ಊರು ಸೇರಿ, ಆಮೇಲೆ ಸಹಾರಾ ದಾಟಿ ಮಾಲಿಯನ್ನೂ ನೋಡಿ ಬಂದ ಬತೂತನ ಕಥೆಯನ್ನು ಮೊರಾಕ್ಕೊದ ಸುಲ್ತಾನನ ಆಜ್ಞೆಯಂತೆ ಇಬ್ನ್ ಜುಝಯ್ ಎಂಬ ಲೇಖಕ ಬರೆದುಕೊಂಡ. 1355ರಲ್ಲಿ ಕೆಲಸ ಮುಗಿಯಿತು. ಬಹುಪಾಲು ನೆನಪಿನಿಂದ ಹೇಳಿಸಿದ್ದು. ಹಾಗಾಗಿ ವರ್ಷಗಳು ಹಿಂದುಮುಂದಾಗಿವೆ. ವೋಲ್ಗಾ ತೀರದ ಬಲ್ಗಾರಿಗೆ ಹೋದೆ ಎಂಬ ಭಾಗವನ್ನು ವಿದ್ವಾಂಸರು ಕಟ್ಟುಕಥೆ ಎನ್ನುತ್ತಾರೆ, ಚೀನಾದ ಪುಟಗಳನ್ನೂ ಅನುಮಾನಿಸುತ್ತಾರೆ. ಹೊನ್ನಾವರದ ಮಾತು ಬೇರೆ. ಒಮ್ಮೆ ಆ ಸುಲ್ತಾನನ ಬಳಿ ಹನ್ನೊಂದು ತಿಂಗಳು ರೊಟ್ಟಿಯ ಮುಖ ಕಾಣದೆ ಇದ್ದೆ ಎಂದು ಆತ ನೆನೆಯುತ್ತಾನೆ. ಮಲಬಾರು, ಮಾಲ್ಡೀವ್ಸ್, ಸಿಂಹಳ ಎಲ್ಲ ಸೇರಿ ಮೂರು ವರ್ಷ ಅನ್ನವೇ ಗತಿ; ಕೊನೆಕೊನೆಗೆ ನೀರು ಕುಡಿಯದೆ ಅದು ಗಂಟಲಲ್ಲಿ ಇಳಿಯುತ್ತಲೇ ಇರಲಿಲ್ಲವಂತೆ.