ಆಟದಂಗಳವೂ ಪರೀಕ್ಷಾಮಂದಿರವೂ

ಬೇಲೂರು ತಾಲ್ಲೂಕಿನಲ್ಲಿ ಕಾಫಿತೋಟಗಳ ನಡುವೆ ನೆಲೆಸಿರುವ ಬಿಕ್ಕೋಡಿನಂತಹ ಹೋಬಳಿಯಲ್ಲಿ ಹುಟ್ಟಿದ ಬಾಲಕನಿಗೆ ಓದಿನಲ್ಲಿಯೂ ಆಟದಲ್ಲಿಯೂ ಸಮಾನವಾದ ಅನುರಕ್ತಿಯಿದ್ದ ಪಕ್ಷದಲ್ಲಿ, ಆ ಎರಡರ ನಿಮಿತ್ತವಾಗಿಯೂ ಆತನು ಊರನ್ನು ಬಿಡಬೇಕಾಗಿದ್ದುದು ನಮ್ಮ ಸೀಮೆಯ ಬಹುಕಾಲದ ಅನುಭವ. ಮೈಸೂರು ವಿಶ್ವವಿದ್ಯಾನಿಲಯವು 1916ರಲ್ಲಿ ಸ್ಥಾಪಿತವಾಯಿತಾದರೂ, ಹಾಸನದಲ್ಲಿ ಮಲೆನಾಡು ಇಂಜಿನಿಯರಿಂಗ್ ಕಾಲೇಜು ತಲೆಯೆತ್ತಿದುದು 1960ರಲ್ಲಿ. ಅದುವರೆಗೆ ಆ ವಿದ್ಯೆಯನ್ನು ಬಯಸಿದವನಿಗೆ ಮೈಸೂರು ಬೆಂಗಳೂರುಗಳಂತಹ ದೂರದ ಊರುಗಳೇ ಗತಿ.

ವಿಶ್ವವಿದ್ಯಾನಿಲಯಗಳ ನಡುವಣ ಕ್ರಿಕೆಟ್ಟಿಗೆ ರೋಹಿಂಟನ್ ಬಾರಿಯಾ ಪಾರಿತೋಷಕವು 1935ರಲ್ಲಿ ದೊರೆತ ಮೇಲೆ ವಿದ್ಯಾರ್ಥಿಯ ಆಟಕ್ಕೆ ಒಂದು ಗೌರವವೇನೋ ಲಭಿಸಿತು. ಆದರೆ ಅವನ ದಿನಚರಿಯ ಸಂಕಟವು ಅದರಿಂದ ಪರಿಹಾರವಾಗಲಿಲ್ಲ. ಮಳೆಗಾಲ ಕಳೆದು ಬೇಸಗೆ ಬಲಿಯುವವರೆಗಿನ ಅವಧಿಯೇ ಕ್ರಿಕೆಟ್ಟಿನ ಋತು, ಪಾಠಪ್ರವಚನಗಳು ಭರದಿಂದ ಸಾಗುವ ಕಾಲವೂ ಅದೇ. ಸಾಹಿತ್ಯವನ್ನೋ ಚರಿತ್ರೆಯನ್ನೋ ಅಭ್ಯಸಿಸುವವನು ಗೆಳೆಯನ ಟಿಪ್ಪಣಿಗಳನ್ನು ಎರವಲು ಪಡೆದು, ವಾರ್ಷಿಕ ಪರೀಕ್ಷೆಯ ಮುನ್ನ ನಿದ್ದೆಗೆಟ್ಟು ಓದಿ, ಹೇಗೋ ದಡ ಸೇರಬಹುದಾಗಿತ್ತು. ಇಂಜಿನಿಯರಿಂಗ್ ವಿದ್ಯಾರ್ಥಿಗಾದರೋ, ಪ್ರಯೋಗಶಾಲೆಯ ಕೆಲಸವನ್ನಾಗಲಿ ನಕ್ಷೆಯ ರಚನೆಯನ್ನಾಗಲಿ ಎರವಲು ತರುವಂತಿರಲಿಲ್ಲ.

ಈ ಇಕ್ಕಟ್ಟಿನ ಅತ್ಯಂತ ದೊಡ್ಡ ನಿದರ್ಶನವೆಂದರೆ ಎರಪಲ್ಲಿ ಪ್ರಸನ್ನರದು. 1962ರಲ್ಲಿ ಮದರಾಸಿನಲ್ಲಿ ಇಂಗ್ಲೆಂಡಿನ ವಿರುದ್ಧ ಮೊದಲ ಟೆಸ್ಟ್ ಆಡಿ, ಅದೇ ವರ್ಷ ವೆಸ್ಟ್ ಇಂಡೀಸ್ ಪ್ರವಾಸವನ್ನೂ ಕೈಗೊಂಡ ಆ ತರುಣನು, ಹಿಂದಿರುಗಿದ ಬಳಿಕ ಮೈಸೂರಿನಲ್ಲಿ ತಾನು ಹಿಡಿದಿದ್ದ ಇಂಜಿನಿಯರಿಂಗ್ ವ್ಯಾಸಂಗವನ್ನು ಪೂರೈಸುವುದೇ ಮೊದಲ ಕರ್ತವ್ಯವೆಂದು ಬಗೆದು, ಟೆಸ್ಟ್ ಕ್ರಿಕೆಟ್ಟಿನಿಂದ ದೂರವಾಗಿ, 1967ರವರೆಗೆ ಮರಳಲಿಲ್ಲ. ಬೌಲರನೊಬ್ಬನ ಆಯುಸ್ಸಿನಲ್ಲಿ ಇಪ್ಪತ್ತೆರಡರಿಂದ ಇಪ್ಪತ್ತಾರರವರೆಗಿನ ವರ್ಷಗಳೆಂದರೆ ಎಷ್ಟು ಬೆಲೆಯುಳ್ಳವು! ಅವುಗಳನ್ನು ಪದವಿಗಾಗಿ ಒಪ್ಪಿಸಿ ಬಂದ ಮೇಲೂ ಇಪ್ಪತ್ತು ಟೆಸ್ಟುಗಳಲ್ಲಿಯೇ ನೂರು ವಿಕೆಟ್ಟುಗಳನ್ನು ಗಳಿಸಿ, 1973-74ರಲ್ಲಿ ನಾಯಕರಾಗಿ ಕರ್ನಾಟಕಕ್ಕೆ ಪ್ರಥಮ ರಣಜಿ ಪಾರಿತೋಷಕವನ್ನು ತಂದುಕೊಟ್ಟುದು ಸಾಮಾನ್ಯ ಸಾಧನೆಯಲ್ಲ. ಆದಾಗ್ಯೂ, ಆ ತ್ಯಾಗವನ್ನು ಕೊಂಡಾಡುವಷ್ಟಕ್ಕೆ ನಿಲ್ಲುವುದು ನನಗೆ ಸರಿಯೆಂದು ತೋರದು. ವಿದ್ಯಾಸಂಸ್ಥೆಯ ಪಂಚಾಂಗವು ಹೊರಬೇಕಾಗಿದ್ದ ಭಾರವನ್ನು ಇಲ್ಲಿ ವಿದ್ಯಾರ್ಥಿಯೊಬ್ಬನೇ ಹೊತ್ತನು.

ಮುಂದಿನ ಪೀಳಿಗೆಯಲ್ಲಿಯೂ ಈ ಭಾರವು ಇಳಿಯಲಿಲ್ಲ. ಅನಿಲ್ ಕುಂಬ್ಳೆಯವರು 1990ರಲ್ಲಿ ಮ್ಯಾಂಚೆಸ್ಟರಿನಲ್ಲಿ ಟೆಸ್ಟ್ ರಂಗವನ್ನು ಪ್ರವೇಶಿಸಿದಾಗ ಬೆಂಗಳೂರಿನ ಆರ್. ವಿ. ಕಾಲೇಜಿನ ಮೆಕ್ಯಾನಿಕಲ್ ಇಂಜಿನಿಯರಿಂಗ್ ವ್ಯಾಸಂಗ ಇನ್ನೂ ಮುಗಿದಿರಲಿಲ್ಲ. ಎರಡನೆಯ ಟೆಸ್ಟ್ ಅವರಿಗೆ ದೊರೆತುದು 1992ರಲ್ಲಿ, ಪದವಿಯು ಕೈಸೇರಿದ ಮೇಲೆ. ಬಿಕ್ಕೋಡಿನವರಿಗೆ ನೆರೆಯದೆನ್ನಬಹುದಾದ, ಅರಸೀಕೆರೆ ತಾಲ್ಲೂಕಿನ ಜಾವಗಲ್ಲಿನ ಹೆಸರನ್ನು ತಮ್ಮ ಹೆಸರಿನೊಡನೆ ಜಗತ್ತಿಗೆ ಕೇಳಿಸಿದ ಶ್ರೀನಾಥರೂ ಮೈಸೂರಿನ ಜಯಚಾಮರಾಜೇಂದ್ರ ಇಂಜಿನಿಯರಿಂಗ್ ಕಾಲೇಜಿನಲ್ಲಿ ಓದಿದವರೇ. 1989-90ರ ಋತುವಿನಲ್ಲಿ ಹೈದರಾಬಾದಿನ ವಿರುದ್ಧ ಆಡಿದ ಪ್ರಥಮ ರಣಜಿ ಪಂದ್ಯದಲ್ಲಿಯೇ ಹ್ಯಾಟ್ರಿಕ್ ಗಳಿಸಿದವರು.

ತರುವಾಯ ಸೆಮಿಸ್ಟರ್ ಪದ್ಧತಿಯು ಎಲ್ಲೆಡೆ ವ್ಯಾಪಿಸಿತು. ವರ್ಷಾಂತ್ಯದ ಒಂದೇ ಪರೀಕ್ಷೆಯ ಬದಲು ಆರು ತಿಂಗಳಿಗೊಂದು ಪರೀಕ್ಷೆ, ನಡುನಡುವೆ ಆಂತರಿಕ ಕಿರುಪರೀಕ್ಷೆಗಳು, ಜೊತೆಗೆ ಹಾಜರಿಯ ನಿರ್ಬಂಧ; ಹಿಂದಿನ ಆಟಗಾರನಿಗೆ ದೊರೆಯುತ್ತಿದ್ದ ದೀರ್ಘ ಅವಕಾಶವು ಹೀಗೆ ಚೂರುಚೂರಾಯಿತು. ಕ್ರೀಡಾಕೂಟಕ್ಕೆ ಹೋದವನಿಗೆ ಹಾಜರಿಯ ರಿಯಾಯಿತಿ ಕೊಟ್ಟರೂ, ತಪ್ಪಿಹೋದ ಪಾಠವನ್ನು ಅವನಿಗೆ ಪುನಃ ಹೇಳಿಕೊಡುವವರಾರು? ಬೆಳಗಿನ ಬಸ್ಸಿಗೆ ಹಾಸನಕ್ಕೆ ಹೋಗಿ ಸಂಜೆಗೆ ಬಿಕ್ಕೋಡಿಗೆ ಮರಳಬೇಕಾದ ವಿದ್ಯಾರ್ಥಿಗೆ ತರಗತಿ ಮುಗಿದ ಮೇಲೆ ಮೈದಾನದಲ್ಲಿ ಉಳಿಯುವುದೇ ದುಸ್ಸಾಧ್ಯ. ಆತನಿಗೆ ಬೇಕಾದುದು ಮೈದಾನದ ಮಗ್ಗುಲಲ್ಲೊಂದು ವಿದ್ಯಾರ್ಥಿನಿಲಯ, ಪಂದ್ಯ ಮುಗಿಸಿ ಬಂದ ಮೇಲೆ ಬರೆಯಲೊಂದು ಪ್ರತ್ಯೇಕ ಪರೀಕ್ಷೆ, ಬಿಟ್ಟುಹೋದ ಪ್ರಯೋಗಗಳನ್ನು ಮಾಡಿಸುವ ಒಬ್ಬ ಅಧ್ಯಾಪಕ.